ಯುರೋಪಿನ ದೊರೆಗಳು ಎನ್‌ಬಿಎಯಲ್ಲಿ ಮಂಕಾದದ್ದೇಕೆ?

ಪ್ರಶ್ನೆ: ಯುರೋಪಿನ ಲೀಗ್‌ಗಳಲ್ಲಿ ದೊರೆಗಳಂತೆ ಮೆರೆದ ಬ್ಯಾಸ್ಕೆಟ್‌ಬಾಲ್ ಆಟಗಾರರು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದ ಕೂಡಲೇ ಮಂಕಾಗುವುದೇಕೆ? ಅಲ್ಲಿಯ ಮಟ್ಟಕ್ಕೆ ಅವರ ಆಟ ಸಾಲುವುದಿಲ್ಲವೇ?

ಈ ಪ್ರಶ್ನೆ ಕೇಳುವವರು ಆಟಗಾರನ ಹೆಸರನ್ನಷ್ಟೇ ಬದಲಾಯಿಸುತ್ತಾರೆ. ಹಳಬರು ಸಬೋನಿಸ್ ಎನ್ನುತ್ತಾರೆ. 2003ರ ಡ್ರಾಫ್ಟ್, ಅಂದರೆ ಎನ್‌ಬಿಎಯ ಹೊಸ ಆಟಗಾರರ ಆಯ್ಕೆ, ನೆನಪಿರುವವರು ದಾರ್ಕೊ ಮಿಲಿಚಿಚ್ ಎನ್ನುತ್ತಾರೆ. ನಮ್ಮ ದೇಶದ ಎಳೆಯ ಆಟಗಾರರು ಸತ್ನಾಮ್ ಸಿಂಗ್ ಎನ್ನುತ್ತಾರೆ. ‘ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ’ ಎಂಬ ಗಾದೆಯೂ ಬೆನ್ನಿಗೇ ಬರುತ್ತದೆ. ಇವರಲ್ಲಿ ಹಲವರಿಗೆ ಆ ಗಾದೆ ಹೊರಿಸುವುದು ಅನ್ಯಾಯ.

ಮಟ್ಟ ಸಾಲದೆ ಹಿಂದಿರುಗಿದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಾವು ಮರುಗುತ್ತ ನೆನೆಯುವ ಹೆಸರುಗಳನ್ನು ತೆಗೆದುಕೊಂಡರೆ ಅವರಿಗೆ ಸಿಗದೆ ಹೋದದ್ದು ಹೊತ್ತು. ಒಬ್ಬರು ಹೋಗುವ ಹೊತ್ತಿಗೆ ಕಾಲು ಸವೆದಿತ್ತು. ಇನ್ನೊಬ್ಬರು ಮೀಸೆ ಮೂಡುವ ಮುನ್ನವೇ ಹೋದರು. ಮತ್ತೊಬ್ಬರು ತಕ್ಕ ವಯಸ್ಸಿನಲ್ಲೇ ಹೋದರು, ಆದರೆ ಪಂದ್ಯಕ್ಕೆ ಒಂಬತ್ತು ನಿಮಿಷ ಮಾತ್ರ ಅಂಗಳ ಕಂಡರು.

ಮೊದಲು ಸಬೋನಿಸ್. ಅವರ ಕತೆ ಬಿಡಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಅರ್ವಿದಾಸ್ ಸಬೋನಿಸ್ ಹುಟ್ಟಿದ್ದು 1964ರಲ್ಲಿ, ಲಿಥುವೇನಿಯಾದ ಕೌನಸ್ ನಗರದಲ್ಲಿ. ಆ ನಾಡು ಆಗ ಸೋವಿಯತ್ ಒಕ್ಕೂಟದ ಹಿಡಿತದಲ್ಲಿತ್ತು. ಎತ್ತರ 7 ಅಡಿ 3 ಅಂಗುಲ. ಆ ಕಾಲದಲ್ಲಿ ಅಷ್ಟು ಎತ್ತರದವರಿಗೆ ಬುಟ್ಟಿಯ ಕೆಳಗೆ ನಿಂತು ಕೈ ಚಾಚುವ ಕೆಲಸವೊಂದೇ ಇರುತ್ತಿತ್ತು. ಸಬೋನಿಸ್ ಚಿಕ್ಕ ಆಟಗಾರರ ಜೊತೆ ಓಡುತ್ತಿದ್ದರು, ದೂರದಿಂದ ಮೂರು ಅಂಕದ ಎಸೆತ ಎಸೆಯುತ್ತಿದ್ದರು. ಎಲ್ಲಕ್ಕಿಂತ ಸೊಗಸು ಅವರ ಪಾಸು. ಬುಟ್ಟಿಗೆ ಬೆನ್ನು ಮಾಡಿ ನಿಂತು ಚೆಂಡನ್ನು ಒಂದೇ ಅಂಗೈಯಲ್ಲಿ ತಲೆಯ ಮೇಲೆತ್ತಿ ಹಿಡಿಯುತ್ತಿದ್ದರು. ಎದುರಾಳಿಯ ಕಣ್ಣು ಆ ಕೈಯ ಮೇಲೆ ನೆಟ್ಟಿರುವಾಗ, ಹಿಂದಿನಿಂದ ನುಗ್ಗಿ ಬರುವ ಜೊತೆಗಾರನ ಕೈಗೆ ತಿರುಗಿಯೂ ನೋಡದೆ ಚೆಂಡು ದಾಟಿಸುತ್ತಿದ್ದರು. ಹಳೆಯ ವಿಡಿಯೊಗಳಲ್ಲಿ ಈಗಲೂ ಅದನ್ನು ನೋಡಬಹುದು. ನಾನಂತೂ ಪ್ರತಿ ಸಲವೂ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡುತ್ತೇನೆ.

1985ರಿಂದ 1987ರವರೆಗೆ ಸತತ ಮೂರು ವರ್ಷ ಅವರ ಜಾಲ್ಗಿರಿಸ್ ತಂಡ ಸೋವಿಯತ್ ಲೀಗ್ ಗೆದ್ದಿತು. ಸೋಲಿಸಿದ್ದು ಸಿಎಸ್‌ಕೆಎ ಮಾಸ್ಕೋವನ್ನು, ಅಂದರೆ ಸೋವಿಯತ್ ಸೇನೆಯ ತಂಡವನ್ನು. ಆಳುವವರ ಸೈನ್ಯವನ್ನು ತಮ್ಮೂರಿನ ಹುಡುಗರು ಮಣಿಸಿದ್ದು ಲಿಥುವೇನಿಯಾದ ಜನಕ್ಕೆ ಬರಿಯ ಆಟವಾಗಿರಲಿಲ್ಲ.

ಎನ್‌ಬಿಎ ತಂಡಗಳು ಪ್ರತಿ ಬೇಸಿಗೆಯಲ್ಲಿ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ; ಅದಕ್ಕೇ ಡ್ರಾಫ್ಟ್ ಎನ್ನುವುದು. 1985ರಲ್ಲಿ ಅಟ್ಲಾಂಟಾ ಹಾಕ್ಸ್ ಸಬೋನಿಸ್ ಹೆಸರು ಕೂಗಿತು. ಅವರಿಗಿನ್ನೂ 21 ತುಂಬಿರಲಿಲ್ಲವೆಂದು ಆ ಆಯ್ಕೆ ರದ್ದಾಯಿತು. 1986ರಲ್ಲಿ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ 24ನೆಯವರನ್ನಾಗಿ ಆರಿಸಿತು. ಆದರೆ ಮಾಸ್ಕೋ ಬಿಡಲಿಲ್ಲ. ಅದೇ ವರ್ಷಗಳಲ್ಲಿ ಅವರ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಒಂದಲ್ಲ ಎರಡು ಬಾರಿ ಹರಿಯಿತು. 1988ರಲ್ಲಿ ಶುಶ್ರೂಷೆಗೆಂದು ಪೋರ್ಟ್‌ಲ್ಯಾಂಡಿಗೇ ಹೋಗಿ ಬಂದರು. ಆಡುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ. ಕಾಲು ಪೂರ್ತಿ ವಾಸಿಯಾಗುವ ಮೊದಲೇ ಸೋವಿಯತ್ ತಂಡಕ್ಕಾಗಿ ಸೋಲ್ ಒಲಿಂಪಿಕ್ಸ್‌ನಲ್ಲಿ ಇಳಿದರು. ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 82-76ರಿಂದ ಸೋಲಿಸಿ ಚಿನ್ನ ಗೆದ್ದು ಬಂದರು.

ಪೋರ್ಟ್‌ಲ್ಯಾಂಡ್ ಪರ ಅವರು ಮೊದಲ ಪಂದ್ಯ ಆಡಿದ್ದು 1995ರಲ್ಲಿ, 31ರ ಅಂಚಿನಲ್ಲಿ. ನಡುವಿನ ವರ್ಷಗಳು ಸ್ಪೇನಿನಲ್ಲಿ ಕಳೆದಿದ್ದವು. ರಿಯಲ್ ಮ್ಯಾಡ್ರಿಡ್‌ಗೆ ಯುರೋಪಿನ ಕಪ್ ಗೆದ್ದುಕೊಟ್ಟೇ ಹೊರಟಿದ್ದರು. ಅಮೆರಿಕದಲ್ಲಿ ಅವರ ಕಾಲಿನ ಎಕ್ಸ್-ರೇ ನೋಡಿದ ತಂಡದ ವೈದ್ಯರು, ಅಂಗವಿಕಲರಿಗೆ ಮೀಸಲಾದ ಪಾರ್ಕಿಂಗ್ ಜಾಗ ಪಡೆಯಲು ಇದೊಂದೇ ಸಾಕು ಎಂದಿದ್ದರೆಂದು ಆಗಿನ ವ್ಯವಸ್ಥಾಪಕರು ಮುಂದೆ ಹೇಳಿಕೊಂಡರು. ಆ ಕಾಲಿನಲ್ಲೇ ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 24 ನಿಮಿಷ ಆಡಿ 14.5 ಅಂಕ, 8.1 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಗಳಿಸಿದರು. ಜಿಗಿತ ಹೋಗಿತ್ತು, ಓಟ ಹೋಗಿತ್ತು. ಕೈ ಮತ್ತು ಕಣ್ಣು ಉಳಿದಿದ್ದವು. ಅಷ್ಟರಲ್ಲೇ ಏಳು ಋತು ಆಡಿದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಮಾತು ಇಷ್ಟು ನೋವಿನಿಂದ ಒಪ್ಪುವ ಆಟಗಾರ ನನಗೆ ಇನ್ನೊಬ್ಬರು ಗೊತ್ತಿಲ್ಲ.

ತಡೆ ಸೋವಿಯತ್ ಕಡೆಯಿಂದ ಮಾತ್ರ ಇರಲಿಲ್ಲ. 1989ರವರೆಗೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ, ಎನ್‌ಬಿಎಯಲ್ಲಿ ಆಡಿದವರನ್ನು ದೇಶದ ತಂಡಕ್ಕೆ ಸೇರಿಸುತ್ತಿರಲಿಲ್ಲ. ಬ್ರೆಜಿಲಿನ ಓಸ್ಕರ್ ಶ್ಮಿಟ್ ಅವರನ್ನು 1984ರಲ್ಲೇ ನ್ಯೂಜೆರ್ಸಿ ನೆಟ್ಸ್ ಆರಿಸಿತ್ತು. ದೇಶದ ಅಂಗಿ ಬಿಡಲಾರೆನೆಂದು ಅವರು ಹೋಗಲಿಲ್ಲ. 1987ರಲ್ಲಿ ಅಮೆರಿಕದ ನೆಲದಲ್ಲೇ, ಇಂಡಿಯಾನಾಪೊಲಿಸ್‌ನ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್‌ನಲ್ಲಿ, ಅಮೆರಿಕದ ಎದುರು 46 ಅಂಕ ಗಳಿಸಿ ಬ್ರೆಜಿಲಿಗೆ 120-115ರ ಗೆಲುವು ತಂದರು. ಅಂಥವರನ್ನು ‘ಎನ್‌ಬಿಎಯಲ್ಲಿ ಏನೂ ಸಾಧಿಸದವರು’ ಎಂಬ ಪಟ್ಟಿಗೆ ಸೇರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬಾಗಿಲು ತೆರೆದ ಮೇಲೆ, 1989ರಲ್ಲಿ, ಕ್ರೊವೇಷಿಯಾದ ದ್ರಾಜೆನ್ ಪೆತ್ರೋವಿಚ್ ಪೋರ್ಟ್‌ಲ್ಯಾಂಡಿಗೆ ಹೋದರು. ಸಿಬೋನಾ ಜಾಗ್ರೆಬ್ ತಂಡಕ್ಕೆ ಎರಡು ಸಲ ಯುರೋಪಿನ ಕಪ್ ಗೆದ್ದುಕೊಟ್ಟವರು, ಯುಗೊಸ್ಲಾವಿಯಾ ಲೀಗಿನ ಒಂದೇ ಪಂದ್ಯದಲ್ಲಿ 112 ಅಂಕ ಬಾರಿಸಿದವರು. ಪೋರ್ಟ್‌ಲ್ಯಾಂಡಿನಲ್ಲಿ ಅವರ ಜಾಗದಲ್ಲಿ ಆಗಲೇ ಕ್ಲೈಡ್ ಡ್ರೆಕ್ಸ್‌ಲರ್ ಮತ್ತು ಟೆರಿ ಪೋರ್ಟರ್ ನೆಲೆಯೂರಿದ್ದರು. ಮೊದಲ ಋತುವಿನಲ್ಲಿ ಸಿಕ್ಕದ್ದು ಪಂದ್ಯಕ್ಕೆ ಹನ್ನೆರಡು ನಿಮಿಷದ ಆಸುಪಾಸು, ಗಳಿಸಿದ್ದು ಸರಾಸರಿ 7.6 ಅಂಕ. ಆಗ ಬರೆದಿದ್ದರೆ ಅವರ ಹೆಸರೂ ಈ ಲೇಖನದಲ್ಲಿ ‘ಸೋತವರ’ ಸಾಲಿನಲ್ಲೇ ಇರುತ್ತಿತ್ತು. 1991ರ ಜನವರಿಯಲ್ಲಿ ನ್ಯೂಜೆರ್ಸಿ ಅವರನ್ನು ಕರೆದುಕೊಂಡು ನಿಮಿಷಗಳನ್ನು ಕೊಟ್ಟಿತು. 1992-93ರಲ್ಲಿ ಸರಾಸರಿ 22.3 ಅಂಕ, ಲೀಗಿನ ಅತ್ಯುತ್ತಮರ ಮೂರನೇ ತಂಡದಲ್ಲಿ ಹೆಸರು. ಅದೇ 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 28.

ಅದೇ ಕೈ, ಅದೇ ಎಸೆತ. ಬದಲಾದದ್ದು ಅಂಗಳದಲ್ಲಿ ಸಿಕ್ಕ ಹೊತ್ತು. ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಅತಿ ಗಟ್ಟಿ ಸಾಕ್ಷಿ ಪೆತ್ರೋವಿಚ್.

ಈಗ ಗ್ರೀಸಿನ ವಾಸಿಲಿಸ್ ಸ್ಪನೂಲಿಸ್. 2006ರ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್, ಜಪಾನಿನ ಸೈತಾಮಾ. ಎದುರಿಗೆ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕಾರ್ಮೆಲೊ ಆಂಥನಿ ಇದ್ದ ಅಮೆರಿಕ. ಗ್ರೀಕರು ಒಂದೇ ತಂತ್ರವನ್ನು ಮತ್ತೆ ಮತ್ತೆ ಆಡಿದರು: ದೊಡ್ಡಾಳು ಬಂದು ಗೋಡೆಯಂತೆ ನಿಲ್ಲುತ್ತಾನೆ, ಚೆಂಡು ಹಿಡಿದವನು ಅವನ ಭುಜಕ್ಕೆ ಭುಜ ತಾಗಿಸಿಕೊಂಡು ಹಾದುಹೋಗುತ್ತಾನೆ, ಕಾವಲುಗಾರ ಆ ಗೋಡೆಗೆ ಸಿಕ್ಕಿ ಹಿಂದುಳಿಯುತ್ತಾನೆ. ಪಿಕ್ ಅಂಡ್ ರೋಲ್ ಎಂದರೆ ಇದೇ. ಅಮೆರಿಕದವರಿಗೆ ಕೊನೆಯವರೆಗೂ ಅದನ್ನು ಬಿಡಿಸಲಾಗಲಿಲ್ಲ. ಗ್ರೀಸ್ 101, ಅಮೆರಿಕ 95. ಸ್ಪನೂಲಿಸ್ 22 ಅಂಕ.

ಕೆಲವೇ ವಾರಗಳಲ್ಲಿ ಅವರು ಹ್ಯೂಸ್ಟನ್ ರಾಕೆಟ್ಸ್ ಸೇರಿದರು. ಆ ಋತುವಿನಲ್ಲಿ ಆಡಿದ್ದು 31 ಪಂದ್ಯ, ಸರಾಸರಿ ಒಂಬತ್ತು ನಿಮಿಷ, 2.7 ಅಂಕ. ಇದನ್ನು ಬರಿಯ ಹಟಮಾರಿ ಕೋಚ್ ಕತೆಯಾಗಿ ಹೇಳಿದರೆ ಸಾಲದು. ಸ್ಪನೂಲಿಸ್ ಅವರಂಥವರ ಆಟ ಹತ್ತು ಸಲ ಅದೇ ದಾರಿ ಹಿಡಿದು, ಎದುರಾಳಿ ಯಾವ ಕಾಲು ಮುಂದಿಡುತ್ತಾನೆ ಎಂದು ಕಲಿತು, ಹನ್ನೊಂದನೆಯ ಸಲ ಕೊಯ್ಯುವ ಆಟ. ಚೆಂಡು ಕೈಯಲ್ಲಿದ್ದರೆ ಮಾತ್ರ ಅದು ನಡೆಯುತ್ತದೆ. ಹ್ಯೂಸ್ಟನ್‌ನಲ್ಲಿ ಚೆಂಡು ಟ್ರೇಸಿ ಮೆಕ್‌ಗ್ರೇಡಿ ಮತ್ತು ಯಾವ್ ಮಿಂಗ್ ಅವರದು. ಒಂಬತ್ತು ನಿಮಿಷಕ್ಕೆ ಬಂದವನು ಮೂಲೆಯಲ್ಲಿ ನಿಂತು, ಬಂದ ಚೆಂಡನ್ನು ಎಸೆದು, ಕಾವಲು ಕಾಯಬೇಕು. ಆ ಎರಡು ಕೆಲಸದಲ್ಲಿ ಅವರು ಸಾಧಾರಣರೇ ಆಗಿದ್ದರು.

ನಿಯಮಗಳ ಪಾಲೂ ಇದೆ. ಫಿಬಾ ನಿಯಮದಲ್ಲಿ ಎತ್ತರದ ಕಾವಲುಗಾರ ಬುಟ್ಟಿಯ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ತಪ್ಪು. ಹಾಗಾಗಿ ಅಲ್ಲಿ ಒಬ್ಬನನ್ನು ದಾಟಿದರೆ ಹಿಂದೆ ಬಯಲು. ಚಿರತೆಯಂತೆ ಓಡುವ ಎದುರಾಳಿಯನ್ನು ಆ ಬಯಲಿನಲ್ಲಿ ಒಂಟಿಯಾಗಿ ತಡೆಯಬೇಕು. ಯುರೋಪಿನ ಎಷ್ಟೋ ಜಾಣ ಆಟಗಾರರು ಎಡವಿದ್ದು ಇಲ್ಲಿ. ಲಿಥುವೇನಿಯಾದ ಶರೂನಸ್ ಯಸಿಕೆವಿಚಸ್ 2003, 2004, 2005ರಲ್ಲಿ ಸತತವಾಗಿ ಯುರೋಲೀಗ್, ಅಂದರೆ ಯುರೋಪಿನ ಕ್ಲಬ್ಬುಗಳ ಅಗ್ರ ಪಂದ್ಯಾವಳಿ, ಗೆದ್ದು ಎನ್‌ಬಿಎಯ ಇಂಡಿಯಾನಾ ತಂಡಕ್ಕೆ ಹೋದವರು. ಎರಡೇ ಋತುವಿನಲ್ಲಿ ಹಿಂದಿರುಗಿದರು. ಅವರ ಕಾಲುಗಳಿಗೆ ಆ ಬಯಲು ದೊಡ್ಡದಾಯಿತು ಎಂದು ಒಪ್ಪಲೇಬೇಕು.

ಸ್ಪನೂಲಿಸ್ ಒಂದೇ ಋತು ಆಡಿ ಗ್ರೀಸಿಗೆ ಮರಳಿದರು. 2012ರ ಯುರೋಲೀಗ್ ಫೈನಲ್, ಇಸ್ತಾನ್‌ಬುಲ್. ಅವರ ಒಲಿಂಪಿಯಾಕೋಸ್ ತಂಡ ಸಿಎಸ್‌ಕೆಎ ಎದುರು ಒಂದು ಹಂತದಲ್ಲಿ 19 ಅಂಕ ಹಿಂದಿತ್ತು. ಕೊನೆಯ ಕ್ಷಣದಲ್ಲಿ ಒಂದಂಕದ ಹಿನ್ನಡೆ, ಚೆಂಡು ಸ್ಪನೂಲಿಸ್ ಕೈಯಲ್ಲಿ. ಅವರು ಎಸೆಯುತ್ತಾರೆಂದು ಎಲ್ಲರೂ ಅವರತ್ತಲೇ ಮುಗಿಬಿದ್ದಾಗ ಅವರು ಚೆಂಡನ್ನು ಯೋರ್ಗೊಸ್ ಪ್ರಿಂಟೆಜಿಸ್‌ಗೆ ದಾಟಿಸಿದರು. ಪ್ರಿಂಟೆಜಿಸ್ ಒಂದೇ ಕೈಯಿಂದ ಮೆಲ್ಲಗೆ ಮೇಲಕ್ಕೆ ತೇಲಿಸಿದರು. 62-61. ಗಡಿಯಾರದಲ್ಲಿ ಉಳಿದದ್ದು 0.7 ಸೆಕೆಂಡ್. ಮರುವರ್ಷ ಮತ್ತೆ ಕಪ್, ಜೊತೆಗೆ ಯುರೋಲೀಗಿನ ಶ್ರೇಷ್ಠ ಆಟಗಾರ ಎಂಬ ಗೌರವ. ಇವರನ್ನು ಸೋತವರೆನ್ನಲು ನನಗೆ ಬಾಯಿ ಬಾರದು.

ದಾರ್ಕೊ ಮಿಲಿಚಿಚ್ ಅವರದು ತಿರುಗುಮುರುಗಾದ ಸಂಕಟ. ಸೆರ್ಬಿಯಾದ ಈ 18ರ ಹುಡುಗನನ್ನು 2003ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಎರಡನೆಯವರನ್ನಾಗಿ ಆರಿಸಿತು. ಮುಂದೆ ಲೆಬ್ರಾನ್, ಹಿಂದೆ ಕಾರ್ಮೆಲೊ, ಕ್ರಿಸ್ ಬಾಷ್, ವೇಡ್. ಸಾಮಾನ್ಯವಾಗಿ ಎರಡನೇ ಸರದಿ ಸಿಗುವುದು ಸೋತು ಸುಣ್ಣವಾದ ತಂಡಕ್ಕೆ. ಅಲ್ಲಿ ಎಳೆಯನಿಗೆ ತಪ್ಪು ಮಾಡಿ ಕಲಿಯಲು ಜಾಗವಿರುತ್ತದೆ. ಡೆಟ್ರಾಯಿಟ್‌ಗೆ ಆ ಸರದಿ ಬಂದದ್ದು ಹಳೆಯ ವಿನಿಮಯವೊಂದರಿಂದ. ಅದು ಆಗಲೇ ಬಲಾಢ್ಯ ತಂಡ, ಮರುವರ್ಷ ಚಾಂಪಿಯನ್. ಗೆಲ್ಲುವ ತಂಡ ಹುಡುಗನ ತಪ್ಪಿಗೆ ಪಂದ್ಯ ಒತ್ತೆಯಿಡುವುದಿಲ್ಲ. ಮೊದಲ ಋತುವಿನಲ್ಲಿ ಅವರಿಗೆ ಸಿಕ್ಕದ್ದು 34 ಪಂದ್ಯ, ಸರಾಸರಿ ಐದು ನಿಮಿಷಕ್ಕೂ ಕಡಿಮೆ. ಗೆಲುವು ಖಚಿತವಾದ ಮೇಲೆ ಪ್ರೇಕ್ಷಕರು ಅವರ ಹೆಸರು ಕೂಗುತ್ತಿದ್ದರು, ಆಗ ಕಳಿಸುತ್ತಿದ್ದರು. ಪರದೇಶದಲ್ಲಿ ಒಂಟಿಯಾಗಿರುವ ಹದಿನೆಂಟರ ಹುಡುಗನಿಗೆ ಆ ಕೂಗು ಹೇಗೆ ಕೇಳಿಸಿರಬೇಕು ಎಂದು ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ. ಬೇರೆ ಬೇರೆ ತಂಡಗಳಲ್ಲಿ ಹತ್ತು ಋತು ಕಳೆದರು, ಸರಾಸರಿ 6 ಅಂಕ. ತಪ್ಪು ತನ್ನದೂ ಇತ್ತೆಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಈಗ ಸೆರ್ಬಿಯಾದಲ್ಲಿ ಸೇಬಿನ ತೋಟ ಮಾಡಿಕೊಂಡಿದ್ದಾರೆ.

ಸತ್ನಾಮ್ ಸಿಂಗ್ ಬಗ್ಗೆ ಕೇಳಿದವರಿಗೆ: ಪಂಜಾಬಿನ ಬಲ್ಲೊಕೆ ಹಳ್ಳಿಯ ರೈತರ ಮಗ, 7 ಅಡಿ 2 ಅಂಗುಲ, ಎಳೆಯ ವಯಸ್ಸಿನಲ್ಲೇ ಫ್ಲಾರಿಡಾದ ಅಕಾಡೆಮಿಗೆ ಹೋದವರು. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ 52ನೆಯವರನ್ನಾಗಿ ಆರಿಸಿದಾಗ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಭಾರತ ಸಂಜಾತ ಮೊದಲ ಆಟಗಾರರಾದರು. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಅವರು ಆಯ್ಕೆಯಾದ ತಿಂಗಳಲ್ಲೇ ಗೋಲ್ಡನ್ ಸ್ಟೇಟ್ ವಾರಿಯರ್ಸ್ ದೊಡ್ಡಾಳುಗಳನ್ನು ಬದಿಗಿಟ್ಟು, ಓಡುವ ಎಸೆಯುವ ಚಿಕ್ಕ ಪಡೆಯೊಂದಿಗೆ ಲೀಗ್ ಗೆದ್ದಿತ್ತು. ಬುಟ್ಟಿಯ ಕೆಳಗೆ ನಿಲ್ಲುವ ದೈತ್ಯರ ಕಾಲ ಮುಗಿಯುತ್ತಿದ್ದಾಗ ನಮ್ಮ ದೈತ್ಯ ಅಲ್ಲಿಗೆ ಕಾಲಿಟ್ಟರು. ಇವರ ವಿಷಯದಲ್ಲಿ ಹೊತ್ತಿನ ಜೊತೆ ಮಟ್ಟದ ಕೊರತೆಯೂ ಇತ್ತು. ಹದಿನಾಲ್ಕರವರೆಗೆ ಅವರಿಗೆ ಸಿಕ್ಕ ತರಬೇತಿಗೂ ಸ್ಪೇನ್ ಅಥವಾ ಸೆರ್ಬಿಯಾದ ಹುಡುಗನಿಗೆ ಏಳೆಂಟು ವರ್ಷಕ್ಕೇ ಸಿಗುವ ತರಬೇತಿಗೂ ಹೋಲಿಕೆಯಿಲ್ಲ.

ಇಂದು ಸ್ಥಿತಿ ಬದಲಾಗಿದೆ. ಸೆರ್ಬಿಯಾದ ನಿಕೊಲಾ ಯೋಕಿಚ್ 2014ರಲ್ಲಿ 41ನೆಯವರಾಗಿ ಆಯ್ಕೆಯಾದರು. ಡೆನ್ವರ್ ತಂಡ ಅವರನ್ನು ಇನ್ನೊಂದು ವರ್ಷ ತವರಿನಲ್ಲೇ ಆಡಲು ಬಿಟ್ಟು ಆಮೇಲೆ ಕರೆಸಿಕೊಂಡಿತು, ಚೆಂಡನ್ನು ಅವರ ಕೈಗೇ ಕೊಟ್ಟಿತು. ಮೂರು ಸಲ ಲೀಗಿನ ಶ್ರೇಷ್ಠ ಆಟಗಾರ, 2023ರಲ್ಲಿ ಚಾಂಪಿಯನ್. ಅವರ ಪಾಸು ನೋಡುವಾಗಲೆಲ್ಲ ನನಗೆ 1985ರ ಕೌನಸ್ ನೆನಪಾಗುತ್ತದೆ.

ಸಬೋನಿಸ್ ಅವರ ಮಗ ಡೊಮಾಂತಾಸ್ ಹುಟ್ಟಿದ್ದು ಪೋರ್ಟ್‌ಲ್ಯಾಂಡಿನಲ್ಲಿ, 1996ರ ಮೇ ತಿಂಗಳಲ್ಲಿ, ತಂದೆಯ ಮೊದಲ ಎನ್‌ಬಿಎ ಋತುವಿನ ಕೊನೆಗೆ. ಅವರು ಎನ್‌ಬಿಎ ಅಂಗಳಕ್ಕಿಳಿದಾಗ ಇಪ್ಪತ್ತು ವರ್ಷ. 2022-23ರಿಂದ ಸತತ ಮೂರು ಋತು ರಿಬೌಂಡ್‌ನಲ್ಲಿ ಇಡೀ ಲೀಗಿಗೆ ಮೊದಲಿಗರಾದರು.