ಜೇಮ್ಸ್ ಹೆಮಿಂಗ್ಸ್ ಮತ್ತು 1793ರ ಕರಾರು: ಒಂದು ಅಧ್ಯಯನ ಟಿಪ್ಪಣಿ

ಅಮೆರಿಕದ ಆಹಾರ ಸಂಸ್ಕೃತಿಗೆ ಕಪ್ಪು ಬಾಣಸಿಗರು ಸಲ್ಲಿಸಿದ ಕೊಡುಗೆಯನ್ನು ಅಭ್ಯಾಸ ಮಾಡುವವರು ಜೇಮ್ಸ್ ಹೆಮಿಂಗ್ಸ್ (1765–1801) ಅವರಿಂದ ಆರಂಭಿಸುವುದು ಒಳ್ಳೆಯದು. ವರ್ಜೀನಿಯಾದ ಮಾಂಟಿಸೆಲೊ ಎಸ್ಟೇಟಿನಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ನರ ಗುಲಾಮರಾಗಿದ್ದ ಅವರನ್ನು 1784ರಲ್ಲಿ ಜೆಫರ್ಸನ್ ಫ್ರೆಂಚ್ ಅಡುಗೆ ಕಲಿಸುವ ಸಲುವಾಗಿಯೇ ಪ್ಯಾರಿಸ್ಸಿಗೆ ಕರೆದೊಯ್ದರು. 1787ರ ಹೊತ್ತಿಗೆ ಅವರು ಜೆಫರ್ಸನ್ನರ ಪ್ಯಾರಿಸ್ ನಿವಾಸದ ಮುಖ್ಯ ಬಾಣಸಿಗರಾಗಿದ್ದರು, ಸಂಬಳವೂ ಬರುತ್ತಿತ್ತು. ಗುಲಾಮರು ನ್ಯಾಯಾಲಯದ ಮೊರೆ ಹೋಗಿ ಬಿಡುಗಡೆ ಕೇಳುವ ಅವಕಾಶ ಫ್ರಾನ್ಸಿನಲ್ಲಿತ್ತು. ಆದರೂ 1789ರಲ್ಲಿ ಅವರು ಜೆಫರ್ಸನ್ನರೊಂದಿಗೆ ಅಮೆರಿಕಕ್ಕೆ ಮರಳಿದರು. ಅವರ ತಾಯಿ ಎಲಿಜಬೆತ್ ಮತ್ತು ಒಡಹುಟ್ಟಿದ ಹಲವರು ಮಾಂಟಿಸೆಲೊದಲ್ಲೇ ದಾಸ್ಯದಲ್ಲಿದ್ದರು.

ಇಲ್ಲಿಂದ ಮುಂದಿನ ಹೆಜ್ಜೆಯನ್ನು ನಿಧಾನವಾಗಿ ಓದಬೇಕು. ಜೆಫರ್ಸನ್ 1793ರಲ್ಲಿ ಹೆಮಿಂಗ್ಸರಿಗೆ ಬಿಡುಗಡೆ ಕೊಟ್ಟರು ಎಂದು ಓದಿಕೊಂಡರೆ ಇಡೀ ವಿಷಯ ತಲೆಕೆಳಗಾಗುತ್ತದೆ. ಆ ವರ್ಷದ ಸೆಪ್ಟೆಂಬರ್ 15ರಂದು ಬರೆದ ಪತ್ರ ಬಿಡುಗಡೆಯ ಪತ್ರವಲ್ಲ, ಷರತ್ತಿಗೆ ಒಳಪಟ್ಟ ಭರವಸೆ ಮಾತ್ರ. ಅದರ ಒಕ್ಕಣೆಯನ್ನು ಬಿಡಿಸಿ ನೋಡಿದರೆ, ಜೇಮ್ಸರಿಗೆ ಅಡುಗೆ ಕಲಿಸಲು ತಾನು ಬಹಳ ಖರ್ಚು ಮಾಡಿದ್ದೇನೆ ಎಂದು ಜೆಫರ್ಸನ್ ಮೊದಲಿಗೆ ಹೇಳಿಕೊಳ್ಳುತ್ತಾರೆ. ಬಳಿಕ, ಜೇಮ್ಸ್ ತನ್ನೊಂದಿಗೆ ಮಾಂಟಿಸೆಲೊಗೆ ಬರಬೇಕು, ತಾನು ಗೊತ್ತುಮಾಡುವ ವ್ಯಕ್ತಿಯನ್ನು ಒಳ್ಳೆಯ ಅಡುಗೆಯವನನ್ನಾಗಿ ತಯಾರು ಮಾಡುವವರೆಗೆ ಅಲ್ಲೇ ಇರಬೇಕು, ಅದು ಪೂರೈಸಿದ ಮೇಲೆ ಬಿಡುಗಡೆ ಸಿಗುತ್ತದೆ ಎನ್ನುತ್ತಾರೆ. ಎಷ್ಟು ತಿಂಗಳು ಕಲಿಸಬೇಕೆಂಬ ಗಡುವು ಇದರಲ್ಲಿಲ್ಲ. ಕಲಿಯುವವನು ಯಾರೆಂದು ತೀರ್ಮಾನಿಸುವವರು ಒಡೆಯರು. ಹೀಗೆ ಗೊತ್ತಾದವರು ಜೇಮ್ಸರ ಸ್ವಂತ ತಮ್ಮ ಪೀಟರ್ ಹೆಮಿಂಗ್ಸ್. ಅಣ್ಣನ ಬಿಡುಗಡೆಯ ಪತ್ರ ಕೈಗೆ ಬಂದದ್ದು 1796ರ ಫೆಬ್ರವರಿ 5ರಂದು. ಅಂದರೆ ಭರವಸೆಗೂ ಬಿಡುಗಡೆಗೂ ನಡುವೆ ಎರಡು ವರ್ಷಕ್ಕೂ ಮಿಕ್ಕಿದ ದುಡಿಮೆಯಿದೆ. ಅಡುಗೆಮನೆಯಲ್ಲಿ ಅಣ್ಣನ ಜಾಗಕ್ಕೆ ಬಂದ ಪೀಟರ್ ಅವರಿಗೆ ಜೆಫರ್ಸನ್ ಬಿಡುಗಡೆ ಕೊಡಲೇ ಇಲ್ಲ. ಜೆಫರ್ಸನ್ ತೀರಿಕೊಂಡ ಬಳಿಕ 1827ರ ಹರಾಜಿನಲ್ಲಿ ಸ್ವತಂತ್ರ ಸಂಬಂಧಿಕರೊಬ್ಬರು ಅವರನ್ನು 1 ಡಾಲರಿಗೆ ಕೊಂಡು ದಾಸ್ಯದಿಂದ ಬಿಡಿಸಿದರು. ಪರೀಕ್ಷೆಗಾಗಿ ಓದುವವರು 1793 ಮತ್ತು 1796 ಎಂಬ ಎರಡು ಇಸವಿಗಳ ಜೊತೆಗೆ ಈ 1827ನ್ನೂ ನೆನಪಿಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕರಾರಿನ ಪೂರ್ತಿ ಬೆಲೆ ತಿಳಿಯುವುದು ಅದರಿಂದಲೇ.

ಹೆಮಿಂಗ್ಸ್ ಅಕ್ಷರಸ್ಥರು. 1796ರ ಫೆಬ್ರವರಿ 20ರಂದು ಅವರು ಸ್ವಹಸ್ತದಿಂದ ಬರೆದ ಅಡುಗೆಮನೆಯ ಪಾತ್ರೆಗಳ ಪಟ್ಟಿ ಉಳಿದುಬಂದಿದೆ. 19 ತಾಮ್ರದ ಪಾತ್ರೆಗಳು, ಅವಕ್ಕೆ 19 ಮುಚ್ಚಳಗಳು, ಒಳಗೆ ಕಲಾಯಿ ಹಾಕಿದ ದೊಡ್ಡ ಕೊಳದಪ್ಪಲೆಗಳು ಎಂದು ಪಟ್ಟಿ ಸಾಗುತ್ತದೆ. ಇಷ್ಟು ಪಾತ್ರೆಗಳು ಬೇಕಾದದ್ದು ಫ್ರೆಂಚ್ ಪದ್ಧತಿಗೆ: ಸೊಂಟದೆತ್ತರದ ಇಟ್ಟಿಗೆ ಕಟ್ಟೆಯಲ್ಲಿ ಸಾಲಾಗಿ ಇದ್ದಿಲ ಒಲೆಗಳಿರುತ್ತವೆ, ಒಂದೊಂದರ ಕಾವನ್ನೂ ಬೇರೆಬೇರೆಯಾಗಿ ಹಿಡಿತದಲ್ಲಿಟ್ಟು ಸಾಸ್‌ಗಳನ್ನು ಸೀಯದಂತೆ ಕುದಿಸಬಹುದು. ಮಾಂಟಿಸೆಲೊದ ಮೊದಲ ಅಡುಗೆಮನೆಯಲ್ಲಿ ಇಂಥ ಒಲೆಗಳ ಅವಶೇಷಗಳು 2017ರ ಉತ್ಖನನದಲ್ಲಿ ಸಿಕ್ಕಿವೆ. ಮ್ಯಾಕರೋನಿ ಚೀಸ್ ಅಮೆರಿಕದಲ್ಲಿ ಹೆಸರಾದದ್ದಕ್ಕೆ ಜೆಫರ್ಸನ್ನರನ್ನು ಹೊಗಳುವವರು, ಅವರ ಮನೆಯಲ್ಲಿ ಒಲೆಯ ಮುಂದೆ ನಿಂತವರು ಯಾರೆಂಬುದನ್ನೂ ಹೇಳಬೇಕು.

1801ರಲ್ಲಿ ಜೆಫರ್ಸನ್ ಅಧ್ಯಕ್ಷರಾದಾಗ, ಬಾಲ್ಟಿಮೋರಿನಲ್ಲಿ ದುಡಿಯುತ್ತಿದ್ದ ಹೆಮಿಂಗ್ಸರಿಗೆ ಮಧ್ಯವರ್ತಿಯ ಮೂಲಕ ಅಧ್ಯಕ್ಷರ ನಿವಾಸದ ಅಡುಗೆಯ ಕರೆ ಬಂತು. ಸಂಬಳ ಮತ್ತು ಷರತ್ತುಗಳನ್ನು ಜೆಫರ್ಸನ್ ತಮ್ಮದೇ ಕೈಬರಹದಲ್ಲಿ ತನಗೆ ಬರೆದು ಕಳುಹಿಸಬೇಕೆಂದು ಅವರು ಕೇಳಿದರು. 1793ರ ಪತ್ರವನ್ನು ಓದಿದವರಿಗೆ ಈ ಕೋರಿಕೆಯ ತೂಕ ಅರ್ಥವಾಗುತ್ತದೆ. ಅಂಥ ಪತ್ರ ಬರಲಿಲ್ಲ. ಕೆಲಸ ಹೋನೊರೆ ಜೂಲಿಯೆನ್ ಎಂಬ ಫ್ರೆಂಚ್ ಬಾಣಸಿಗರಿಗೆ ಹೋಯಿತು. ಅದೇ ವರ್ಷ, 36ನೆಯ ವಯಸ್ಸಿನಲ್ಲಿ ಹೆಮಿಂಗ್ಸ್ ತೀರಿಕೊಂಡರು.

ಮುಂದೆ ಓದಬೇಕಾದವರು ಈಡಿತ್ ಫಾಸೆಟ್. ದಾಸ್ಯದಲ್ಲಿದ್ದ ಈ ಹೆಣ್ಣುಮಗಳು ಅಧ್ಯಕ್ಷರ ನಿವಾಸದಲ್ಲಿ ಜೂಲಿಯೆನ್ನರ ಕೈಕೆಳಗೆ ಪಳಗಿ, 1809ರ ನಂತರ ಮಾಂಟಿಸೆಲೊದ ಮುಖ್ಯ ಬಾಣಸಿಗಳಾದರು. ಅವರ ಮಗ ಪೀಟರ್ ಫಾಸೆಟ್ ಸ್ವತಂತ್ರರಾದ ಮೇಲೆ ಸಿನ್ಸಿನಾಟಿಯಲ್ಲಿ ಕೇಟರಿಂಗ್ ವೃತ್ತಿ ನಡೆಸಿದರು.