ತ್ರಿಕೋನ ವಜ್ರವನ್ನು ಬಾಗಿಲ ಬಳಿ ತಂದು ನೋಡಿ

ತಂಗಿಯ ಮಗಳಿಗೆ ನಿಶ್ಚಿತಾರ್ಥ ಗೊತ್ತಾದಾಗ ಓಲೆ ಕೊಡಿಸುವ ಮಾತು ನನ್ನದಾಗಿತ್ತು. ಕೊಪ್ಪಳದಿಂದ ಬೆಳಗಿನ ರೈಲಿಗೆ ಬಳ್ಳಾರಿಗೆ ಬಂದಿಳಿದ ಹುಡುಗಿ, ದುಂಡು ಹರಳು ಎಲ್ಲರ ಕಿವಿಯಲ್ಲೂ ಇದೆ, ನನಗೆ ಮೂರು ಮೂಲೆಯದೇ ಬೇಕು ಎಂದು ಹಟ ಹಿಡಿದಳು. ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಕಪ್ಪು ಮಖಮಲ್ಲಿನ ಮೇಲೆ ಎರಡು ಜೊತೆ ಹರಳುಗಳನ್ನು ಇಟ್ಟರು. ಪ್ರತಿಯೊಂದು ಹರಳೂ 30 ಸೆಂಟ್ ತೂಕದ್ದು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟ್. ಹಾಗಾಗಿ ಆ ಹರಳುಗಳ ತೂಕ 60 ಮಿಲಿಗ್ರಾಂ, ಅರ್ಧ ಗುಲಗಂಜಿಯಷ್ಟು. ತೂಕ ಒಂದೇ ಆದರೂ ಮೊದಲ ಜೊತೆ ಎದ್ದು ಕಾಣುವಷ್ಟು ಅಗಲವಾಗಿತ್ತು. ಹುಡುಗಿಯ ಬೆರಳು ನೇರವಾಗಿ ಅದರ ಕಡೆಗೇ ಹೋಯಿತು.

ನಾನು ಚಿಮಟ ಕೇಳಿ ಪಡೆದು, ಆ ಅಗಲದ ಹರಳನ್ನು ಮುಖ ಮೇಲಾಗಿ ಹಿಡಿದು, ಅಲ್ಲೇ ಇದ್ದ ರಸೀದಿ ಪುಸ್ತಕದ ಅಚ್ಚಿನ ಅಕ್ಷರಗಳ ಮೇಲೆ ತಂದೆ. ಹರಳಿನ ನಡುವಿನಿಂದ ಅಕ್ಷರ ಕಾಣಿಸಿತು, ಕಿಟಕಿಯಿಂದ ಬೀದಿ ಕಂಡ ಹಾಗೆ.

"ದೊಡ್ಡಮ್ಮ, ಹಾಗಾದರೆ ಇದು ಗಾಜಾ?" ಎಂದು ಹುಡುಗಿ ಪಿಸುಗುಟ್ಟಿದಳು.

ಗಾಜಲ್ಲ. ಅಸಲಿ ವಜ್ರವೇ. ನಮ್ಮ ಕಡೆಯ ಮನೆಗಳಲ್ಲಿ ಹರಳಿನ ಮೂಲಕ ಅಕ್ಷರ ಕಂಡರೆ ನಕಲಿ, ಕಾಣದಿದ್ದರೆ ಅಸಲಿ ಎಂಬ ನಂಬಿಕೆ ಬಲವಾಗಿದೆ. ದುಂಡು ವಜ್ರದ ಮಟ್ಟಿಗೆ ಅದು ಬಹಳ ಸಲ ಹೊಂದುತ್ತದೆ. ಆದರೆ ತ್ರಿಕೋನದ ವಿಷಯದಲ್ಲಿ ಆ ಪರೀಕ್ಷೆ ಅಸಲಿ ನಕಲಿ ಹೇಳುವುದಿಲ್ಲ, ಕೊರೆತದ ಗುಣವನ್ನು ಹೇಳುತ್ತದೆ. ಭೌತಶಾಸ್ತ್ರ ಪಾಠ ಮಾಡಿಕೊಂಡು ಬಂದ ನನಗೆ ಈ ವ್ಯತ್ಯಾಸ ಬಹಳ ಮುಖ್ಯವೆನಿಸುತ್ತದೆ. ಏಕೆಂದರೆ ತ್ರಿಕೋನ ವಜ್ರ ಕೊಳ್ಳುವವರು ಮೋಸ ಹೋಗುವುದು ಹೆಚ್ಚಾಗಿ ಅಸಲಿ ಕಲ್ಲಿನಲ್ಲೇ.

ಬಾವಿಯಲ್ಲಿ ಈಜು ಕಲಿತವರಿಗೆ ನೆನಪಿರಬಹುದು. ನೀರೊಳಗೆ ಮುಳುಗಿ ತಲೆಯೆತ್ತಿ ನೋಡಿದರೆ ನೆತ್ತಿಯ ಮೇಲೆ ದುಂಡನೆಯ ಒಂದು ಆಕಾಶ ಕಾಣುತ್ತದೆ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯಂತೆ ಬಾವಿಯ ಗೋಡೆಯನ್ನೇ ತೋರಿಸುತ್ತದೆ. ಬೆಳಕು ಒಂದು ಮಿತಿಗಿಂತ ಹೆಚ್ಚು ಓರೆಯಾಗಿ ಬಂದು ಬಡಿದರೆ ಹೊರಗೆ ಹೋಗಲಾರದೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಮೇಲ್ಮೈಗೆ ನೆಟ್ಟಗೆ ನಿಂತ ಗೆರೆಯಿಂದ ಅಳೆದರೆ ನೀರಿಗೆ ಆ ಮಿತಿ ಸುಮಾರು 48.6 ಡಿಗ್ರಿ, ಸಾಮಾನ್ಯ ಗಾಜಿಗೆ ಸುಮಾರು 41. ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ವಜ್ರಕ್ಕೆ 2.42 ಇರುವುದರಿಂದ ಅದರ ಮಿತಿ ಕೇವಲ 24.4 ಡಿಗ್ರಿ. ಅಂದರೆ ವಜ್ರದೊಳಗೆ ಹೊಕ್ಕ ಬೆಳಕಿಗೆ ತಪ್ಪಿಸಿಕೊಳ್ಳುವ ಬಾಗಿಲು ಬಹಳ ಕಿರಿದು. ಮೇಲಿನಿಂದ ನೇರ ಬಂದ ಕಿರಣವು ತಳದ ಇಳಿಜಾರಿಗೆ ಬಡಿದು, ಎದುರಿನ ಇಳಿಜಾರಿಗೆ ಚಿಮ್ಮಿ, ಮತ್ತೆ ನಮ್ಮ ಕಣ್ಣಿಗೇ ಮರಳಬೇಕು. ಇದನ್ನೇ ನಾವು ಹೊಳಪು ಎನ್ನುತ್ತೇವೆ. ನೇರ ಬಂದ ಕಿರಣ ಎಷ್ಟು ಓರೆಯಾಗಿ ಬಡಿಯುತ್ತದೆ ಎಂಬುದು ತಳ ಎಷ್ಟು ಕಡಿದಾಗಿದೆ ಎಂಬುದರ ಮೇಲೆ ನಿಂತಿದೆ. ದುಂಡು ಹರಳಿನ ತಳ ಎಷ್ಟು ಕಡಿದಾಗಿರಬೇಕೆಂದು ವಜ್ರ ಕೊರೆಯುವ ಮನೆತನದ ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ: 40.75 ಡಿಗ್ರಿ. ದುಂಡಿಗೆ ಸುತ್ತಲೂ ಒಂದೇ ಅಳತೆ, ಆದ್ದರಿಂದ ಒಂದೇ ಉತ್ತರ ಸಾಕು.

ತ್ರಿಕೋನಕ್ಕೆ ಆ ಭಾಗ್ಯವಿಲ್ಲ. ಕಾಗದದ ಮೇಲೆ ಮೂರೂ ಬದಿ ಸಮವಾದ ತ್ರಿಕೋನ ಬರೆದು ಅಳೆದು ನೋಡಿ. ನಡುಬಿಂದುವಿನಿಂದ ಬದಿಗೆ ಇರುವ ದೂರಕ್ಕಿಂತ ಮೂಲೆಗೆ ಇರುವ ದೂರ ಸರಿಯಾಗಿ ಎರಡು ಪಟ್ಟು. ಈಗ ಕಣದಲ್ಲಿ ಸುರಿದ ಜೋಳದ ರಾಶಿಯನ್ನು ನೆನೆದುಕೊಳ್ಳಿ. ಎತ್ತರ ಅಷ್ಟೇ ಇಟ್ಟು ಒಂದು ಕಡೆಗೆ ಮಾತ್ರ ಕಾಳನ್ನು ಎರಡು ಪಟ್ಟು ದೂರ ಎಳೆದರೆ ಆ ಕಡೆಯ ಇಳಿಜಾರು ಸಪಾಟಾಗಿಬಿಡುತ್ತದೆ. ತ್ರಿಕೋನ ವಜ್ರದ ತಳದಲ್ಲೂ ಇದೇ ಆಗುವುದು. ಬದಿಯ ಕಡೆಗೆ ಇಳಿಜಾರು ಕಡಿದಾಗಿ ಚೆನ್ನಾಗಿದ್ದರೂ ಮೂಲೆಯ ಕಡೆಗೆ ಅದು 24.4 ಡಿಗ್ರಿಯ ಗಡಿಯ ಹತ್ತಿರ ಜಾರುತ್ತದೆ. ಕೊರೆಯುವವನು ಮೂಲೆಗಳ ಕಡೆಗೆ ಸಣ್ಣ ಸಣ್ಣ ಮುಖಗಳನ್ನು ಬೀಸಣಿಗೆಯಂತೆ ಹರಡಿ ಆ ನಷ್ಟವನ್ನು ತುಂಬಿಕೊಡಲು ಹೆಣಗುತ್ತಾನೆ. ಅದಕ್ಕೆ ಹರಳಿನಲ್ಲಿ ಆಳವಿರಬೇಕು. ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿದರೆ ಅಷ್ಟೇ ತೂಕದಲ್ಲಿ ಹರಳು ದೊಡ್ಡದಾಗಿ ಕಾಣುತ್ತದೆ, ಬೆಳಕು ಮಾತ್ರ ತಳದಿಂದ ಸೋರಿಹೋಗುತ್ತದೆ. ಅಂಗಡಿಯಲ್ಲಿ ನಾವು ಕಂಡ ಕಿಟಕಿ ಅದೇ.

ಹಾಗಾಗಿ ತ್ರಿಕೋನದಲ್ಲಿ ಎರಡು ಬಗೆ ಬಂದಿವೆ. ಬದಿಗಳು ಹೊರಕ್ಕೆ ತುಸು ಉಬ್ಬಿದ್ದು, ಗಾಳಿ ತುಂಬಿದ ದಿಂಬಿನಂತೆ ಕಾಣುವುದು ಒಂದು. ಬದಿ ಉಬ್ಬಿದಷ್ಟೂ ನಡುವಿನಿಂದ ಬದಿಗಿರುವ ದೂರ ಹೆಚ್ಚಿ, ಹರಳು ದುಂಡಿನ ಗುಣದ ಕಡೆಗೆ ವಾಲುತ್ತದೆ. ಮೇಲೆ ಹೇಳಿದ ಎರಡು ಪಟ್ಟಿನ ತೊಡಕು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಇನ್ನೊಂದು, ನೇರ ಬದಿಯದು. ದೊಡ್ಡ ಹರಳಿನ ಎರಡೂ ಪಕ್ಕದಲ್ಲಿ ಕೂರಿಸಲು ಇದೇ ಸರಿ, ಅಂಚಿಗೆ ಅಂಚು ಹೊಂದಿಕೊಳ್ಳುತ್ತದೆ. ಒಂಟಿಯಾಗಿ ಎದ್ದು ಕಾಣಬೇಕಾದ ಓಲೆ, ಪದಕ, ಉಂಗುರಕ್ಕೆ ಉಬ್ಬಿದ ಬದಿಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯವರು ಎರಡಕ್ಕೂ ಟ್ರಿಲಿಯನ್ ಎಂದೇ ಹೇಳುತ್ತಾರೆ. ಹೆಸರು ಬಿಟ್ಟು ಬದಿಯನ್ನು ನೋಡಬೇಕು.

ಇಷ್ಟು ತೊಡಕಿದ್ದರೂ ಈ ಆಕಾರಕ್ಕೆ ವಜ್ರವನ್ನು ಕೊರೆಯುವುದೇಕೆ? ಇಲ್ಲಿ ನನಗೆ ಎಂದೂ ಬೇಸರವಾಗದ ಒಂದು ಸಂಗತಿಯಿದೆ. ತ್ರಿಕೋನವೆಂಬುದು ವಜ್ರದ ಹುಟ್ಟುಗುಣ. ಇಂಗಾಲದ ಪರಮಾಣುಗಳು ಭೂಮಿಯೊಳಗೆ 150 ಕಿಲೋಮೀಟರಿಗೂ ಆಳದಲ್ಲಿ, ಭಾರೀ ಒತ್ತಡದಲ್ಲಿ ಜೋಡಣೆಗೊಂಡು ಹರಳಾದಾಗ ಅದರ ಸಹಜ ರೂಪ ಅಷ್ಟಮುಖಿ: ಎರಡು ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದ ಹಾಗೆ. ಅದರ ಎಂಟು ಮುಖಗಳೂ ತ್ರಿಕೋನಗಳೇ. ನಮ್ಮ ಹಳೆಯ ರತ್ನಶಾಸ್ತ್ರದವರು ಉತ್ತಮ ವಜ್ರಕ್ಕೆ ಆರು ತುದಿ, ಎಂಟು ಪಾರ್ಶ್ವ, ಹನ್ನೆರಡು ಧಾರೆ ಎಂದು ಲಕ್ಷಣ ಹೇಳಿದ್ದಾರೆ. ಎಣಿಸಿ ನೋಡಿದರೆ ಅಷ್ಟಮುಖಿಗೆ ಒಂದೂ ತಪ್ಪದೆ ಹೊಂದುತ್ತದೆ. ಮಸೂರವಿಲ್ಲದ ಕಾಲದಲ್ಲಿ ಬರಿಗಣ್ಣಿನಲ್ಲಿ ಎಷ್ಟು ತಾಳ್ಮೆಯಿಂದ ನೋಡಿದ್ದರೆಂದು ಅಚ್ಚರಿಯಾಗುತ್ತದೆ. ಕೊರೆಯದ ವಜ್ರದ ಮುಖವನ್ನು ಇಂದು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆ ಇನ್ನೂ ಪುಟ್ಟ ಪುಟ್ಟ ತ್ರಿಕೋನ ಗುಳಿಗಳು ಕಾಣುತ್ತವೆ, ಮುಖದ ತ್ರಿಕೋನಕ್ಕೆ ತಲೆಕೆಳಗಾಗಿ. ಇವಕ್ಕೆ ಟ್ರೈಗಾನ್ ಎಂದು ಹೆಸರು.

ಕೆಲವೊಮ್ಮೆ ಎರಡು ಹರಳುಗಳು ಒಂದಕ್ಕೊಂದು ಅರ್ಧ ಸುತ್ತು ತಿರುಗಿ ಅಂಟಿಕೊಂಡು ಅವಳಿಯಾಗಿ ಬೆಳೆಯುತ್ತವೆ. ಆಗ ಸಿಗುವುದು ಚಪ್ಪಟೆಯಾದ ತ್ರಿಕೋನ ಬಿಲ್ಲೆ. ವ್ಯಾಪಾರದಲ್ಲಿ ಇದಕ್ಕೆ ಮ್ಯಾಕಲ್ ಎನ್ನುತ್ತಾರೆ. ಇದರಿಂದ ದುಂಡು ವಜ್ರ ತೆಗೆಯಹೊರಟರೆ ಬಹುಪಾಲು ಪುಡಿಯಾಗಿ ಹೋಗುತ್ತದೆ. ತ್ರಿಕೋನವಾಗಿಯೇ ಕೊರೆದರೆ ತೂಕ ಉಳಿಯುತ್ತದೆ. ಜಗತ್ತಿನ ಹೆಚ್ಚಿನ ವಜ್ರಗಳು ಹೊಳಪು ಪಡೆಯುವ ಸೂರತ್‌ನ ಕುಶಲಿಗಳು ಕಲ್ಲನ್ನು ಕೈಗೆತ್ತಿಕೊಂಡ ಕೂಡಲೇ ಮಾಡುವ ಲೆಕ್ಕ ಇದೇ. ಆದರೆ ಬಿಲ್ಲೆ ಮೊದಲೇ ತೆಳು, ತೂಕ ಉಳಿಸುವ ಆಸೆ ಇನ್ನೊಂದು ಕಡೆ. ತೆಳು ತ್ರಿಕೋನಗಳು ಮಾರುಕಟ್ಟೆಯಲ್ಲಿ ಇಷ್ಟೊಂದು ತುಂಬಿರುವುದು ಹೀಗೆ.

ಇದೆಲ್ಲ ದೂರದ ಊರಿನ ಕತೆಯೂ ಅಲ್ಲ. ಬಳ್ಳಾರಿಯಿಂದ ಗುಂತಕಲ್ ದಾಟಿದರೆ ವಜ್ರಕರೂರು, ಹೆಸರಿನಲ್ಲೇ ವಜ್ರವಿದೆ. ಸುಮಾರು 110 ಕೋಟಿ ವರ್ಷಗಳ ಹಿಂದೆ ಆಳದಿಂದ ವಜ್ರ ಹೊತ್ತು ನುಗ್ಗಿಬಂದ ಕಿಂಬರ್ಲೈಟ್ ಎಂಬ ಶಿಲೆ ಅಲ್ಲಿದೆ. ಕೃಷ್ಣಾ ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲೂ ಭೂವಿಜ್ಞಾನಿಗಳು ಕಿಂಬರ್ಲೈಟ್ ಗುರುತಿಸಿದ್ದಾರೆ. ಮುಂಗಾರಿನ ಮೊದಲ ಮಳೆ ಮಣ್ಣು ತೊಳೆದುಹೋದ ಮೇಲೆ ವಜ್ರಕರೂರು, ಜೊನ್ನಗಿರಿಯ ಹೊಲಗಳಲ್ಲಿ ಜನ ತಲೆ ತಗ್ಗಿಸಿ ಹರಳು ಹುಡುಕುವುದು ಇಂದಿಗೂ ಇದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್, ಗುತ್ತಿಯ ಸೀಮೆಯ ಗಣಿಗಳ ಬಗ್ಗೆ ಬರೆಯುತ್ತ, 20 ಮಂಗೆಲಿನ್‌ಗಿಂತ ಹೆಚ್ಚು ತೂಗುವ ವಜ್ರವೆಲ್ಲ ಅರಸನ ಭಂಡಾರಕ್ಕೇ ಸೇರಬೇಕೆಂಬ ಕರಾರನ್ನು ದಾಖಲಿಸಿದ್ದಾನೆ. ಆ ತೂಕದ ಹೆಸರು ನಮ್ಮ ಮಂಜಾಡಿ ಬೀಜದಿಂದ ಬಂದದ್ದು. ಇನ್ನು ಹರಳನ್ನು ಹಿಡಿಯುವ ಚಿನ್ನಕ್ಕೆ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯೇ ಇದೆ.

ಅಂಗಡಿಗೆ ಮರಳೋಣ. ದುಂಡು ವಜ್ರದ ಪ್ರಮಾಣಪತ್ರದಲ್ಲಿ ಕೊರೆತಕ್ಕೆ ಒಂದು ದರ್ಜೆ ಬರೆದಿರುತ್ತಾರೆ. ತ್ರಿಕೋನಕ್ಕೆ ಸಾಮಾನ್ಯವಾಗಿ ಆ ಸಾಲೇ ಇರುವುದಿಲ್ಲ. ಪಾಲಿಶ್ ಹೇಗಿದೆ, ಸಮಮಿತಿ ಹೇಗಿದೆ ಎಂದಷ್ಟೇ ಇರುತ್ತದೆ. ಅವೆರಡೂ ಅತ್ಯುತ್ತಮವೆಂದಿದ್ದರೂ ಹರಳಿನ ನಡುವೆ ಕಿಟಕಿ ಇರಬಹುದು. ಆದ್ದರಿಂದ ಕಾಗದ ನಂಬಿ ಕೊಳ್ಳಬೇಡಿ, ಕಣ್ಣಾರೆ ನೋಡಿ. ಅಂಗಡಿಯ ಚಾವಣಿಯ ಚೂಪು ದೀಪಗಳ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ. ಬಾಗಿಲ ಬಳಿ ನೆರಳಿಗೆ ತರಿಸಿ ನೋಡಬೇಕು. ಬಳ್ಳಾರಿಯ ನೇರ ಬಿಸಿಲು ಕೂಡ ಬೇಡ, ಅದು ಕಣ್ಣು ಕೋರೈಸಿ ದೋಷ ಮುಚ್ಚುತ್ತದೆ. ನೆರಳಿನಲ್ಲಿ ಹರಳನ್ನು ಮೆಲ್ಲಗೆ ಓಲಾಡಿಸಿದಾಗ ಮಿನುಗು ನಡುವಿನಿಂದ ಮೂರೂ ಮೂಲೆಗೆ ಓಡಬೇಕು. ನಡುವೆ ನೀರಿನಂತೆ ಸಪ್ಪೆ ತೇಪೆಯೊಂದು ಅಲುಗದೆ ನಿಂತಿದ್ದರೆ ಬೇರೆ ತೋರಿಸಿ ಎನ್ನಿ. ಪತ್ರದಲ್ಲಿ ಅಗಲಕ್ಕೆ ಹೋಲಿಸಿ ಆಳದ ಶೇಕಡಾವಾರು ಇರುತ್ತದೆ. ದುಂಡಿಗೆ ಅದು 60ರ ಆಸುಪಾಸು, ತ್ರಿಕೋನಕ್ಕೆ 40ರ ಆಸುಪಾಸು ಸಾಮಾನ್ಯ. 30ರ ಹತ್ತಿರ ಇಳಿದಿದ್ದರೆ ಅಕ್ಷರದ ಮೇಲೆ ಹಿಡಿಯದೆ ಬಿಡಬೇಡಿ.

ಬಣ್ಣದ ಛಾಯೆ ತ್ರಿಕೋನದ ಮೂಲೆಗಳಲ್ಲಿ ಗಟ್ಟಿಯಾಗಿ ಕಾಣುತ್ತದೆ. ಆದರೂ ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ತೀರ ಬಿಳುಪಿನ ದರ್ಜೆಗೆ ಹೆಚ್ಚು ಹಣ ಸುರಿಯುವುದು ಬೇಡ. ಚಿನ್ನದ ಬಣ್ಣವೇ ಹರಳಿನೊಳಗೆ ಇಳಿಯುತ್ತದೆ. ಆ ಹಣವನ್ನು ಆಳಕ್ಕೆ ಕೊಡಿ. ಓಲೆಗೆ ಜೊತೆ ಆರಿಸುವಾಗ ತೂಕ ಸಮ ಇದ್ದರೆ ಸಾಲದು, ಮಿಲಿಮೀಟರಿನ ಅಳತೆಯೂ ಬದಿಯ ಉಬ್ಬೂ ಸಮವಾಗಿರಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲದ್ದೇ, ಅಷ್ಟೇ ಗಟ್ಟಿ, ಅಷ್ಟೇ ಹೊಳಪು, ಬೆಲೆ ಬಹಳ ಕಡಿಮೆ. ಕೊಂಡರೆ ತಪ್ಪಿಲ್ಲ, ಆದರೆ ಹಾಗೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಮೆರಿಕನ್ ಡೈಮಂಡ್ ಎಂದು ಮಾರುವುದು ಮಾತ್ರ ವಜ್ರವೇ ಅಲ್ಲ, ಅದು ಜಿರ್ಕೋನಿಯಂ ಆಕ್ಸೈಡ್.

ನಮ್ಮ ಹುಡುಗಿ ಎರಡನೆಯ ಜೊತೆಯನ್ನೇ ತೆಗೆದುಕೊಂಡಳು. ಕಿರಿದು, ಬದಿ ಉಬ್ಬಿದ್ದು, ಅಕ್ಷರದ ಮೇಲೆ ಹಿಡಿದರೆ ಬೆಳಕಿನ ಚೂರುಗಳ ಹೊರತು ಏನೂ ಕಾಣದು. ಓಲೆಯನ್ನು ಮಾತ್ರ ಕೊಪ್ಪಳದ ನಮ್ಮ ಮನೆತನದ ಪತ್ತಾರರ ಕೈಯಲ್ಲೇ ಮಾಡಿಸಬೇಕೆಂದು ತಂಗಿಯ ಆಸೆ. ಮುಂದಿನ ವಾರ ಅವರ ಮುಂದೆ ಕುಳಿತೆವು.

"ತಾಯಿ, ವಜ್ರ ಒಡೆಯುವುದಿಲ್ಲ ಎನ್ನುತ್ತಾರೆ. ಇದರ ಮೂಲೆ ನೋಡಿದರೆ ನನಗೆ ಕೈ ನಡುಗುತ್ತದೆ" ಎಂದರು ಹಿರಿಯರು.

ಅವರ ಕೈಗೆ ಗೊತ್ತಿದ್ದದ್ದೇ ಸರಿ. ವಜ್ರವನ್ನು ಗೀರಲು ವಜ್ರವೇ ಬೇಕು, ನಿಜ. ಆದರೆ ಗೀರು ಬೀಳದಿರುವುದು ಬೇರೆ, ಪೆಟ್ಟು ತಾಳುವುದು ಬೇರೆ. ಕಟ್ಟಿಗೆ ಎಳೆಯ ಗುಂಟ ಸೀಳುವಂತೆ ವಜ್ರವೂ ತನ್ನ ಅಷ್ಟಮುಖಿಯ ಮುಖಗಳಿಗೆ ಸಮಾಂತರವಾದ ನಾಲ್ಕು ದಿಕ್ಕುಗಳಲ್ಲಿ ಸೀಳುತ್ತದೆ. ತ್ರಿಕೋನದ ತುದಿ ತೆಳು. ರುಬ್ಬುಗುಂಡಿಗೋ ನಲ್ಲಿಗೋ ಓರೆಯಾಗಿ ತಾಗಿದರೆ ಚಕ್ಕೆ ಏಳಬಹುದು. ಅದಕ್ಕೇ ದಿನವೂ ಕೆಲಸ ಮಾಡುವ ಕೈಯ ಉಂಗುರಕ್ಕೆ ತ್ರಿಕೋನವನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಓಲೆಗೆ, ಪದಕಕ್ಕೆ ಧಾರಾಳವಾಗಿ ಸರಿ. ಯಾವುದೇ ಆದರೂ ಮೂರೂ ತುದಿಗಳನ್ನು ಚಿನ್ನ ಎರಡೂ ಕಡೆಯಿಂದ ತಬ್ಬಿ ಮುಚ್ಚಬೇಕು, ಕಾಗದದ ಮೂಲೆಯನ್ನು ಮಡಚಿದಂತೆ. ಪತ್ತಾರರು ಹಾಗೆಯೇ ಮಾಡಿದರು. ಹಿಂಬದಿ ತೆರೆದೇ ಇರಲಿ ಎಂದು ನಾನು ಕೇಳಿಕೊಂಡೆ. ಅಜ್ಜಿಯ ಕಾಲದ ಓಲೆಗಳಲ್ಲಿ ಹರಳಿನ ಹಿಂದೆ ಹೊಳೆಯುವ ತಗಡಿಟ್ಟು ಮುಚ್ಚುತ್ತಿದ್ದರು, ಸೋರುವ ಬೆಳಕನ್ನು ಆ ತಗಡು ಹಿಂದಕ್ಕೆ ಕಳಿಸುತ್ತಿತ್ತು; ನೀರು ಹೊಕ್ಕರೆ ತಗಡು ಕಪ್ಪಾಗಿ ಹರಳೂ ಕಪ್ಪಾಗುತ್ತಿತ್ತು. ಆಳವಿರುವ ಹರಳಿಗೆ ಆ ಊರುಗೋಲು ಬೇಡ. ಬದಲಿಗೆ ಆಗಾಗ ತೊಳೆಯಬೇಕು. ವಜ್ರಕ್ಕೆ ಜಿಡ್ಡು ಹಿಡಿಯುವುದು ಎಷ್ಟು ಸಹಜವೆಂದರೆ, ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಕಲ್ಲುನೀರು ಹರಿಸಿ ವಜ್ರವನ್ನು ಅಂಟಿಸಿಕೊಳ್ಳುತ್ತಿದ್ದರು. ತಲೆಗೆ ಹಚ್ಚಿದ ಎಣ್ಣೆ, ಕೆನ್ನೆಯ ಅರಿಶಿನ ತಳದ ಮುಖಗಳಿಗೆ ಕೂತರೆ ಬೆಳಕು ಅಲ್ಲೇ ಸೋರುತ್ತದೆ. ಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು.

ಕೊನೆಯ ಮೂಲೆ ಮಡಚುವ ಮುನ್ನ ಪತ್ತಾರರು ಭೂತಗನ್ನಡಿಯನ್ನು ನನ್ನ ಕಡೆ ಚಾಚಿದರು. ಒಂದು ಹರಳಿನ ಅಂಚಿನಲ್ಲಿ ಪಾಲಿಶ್ ಕಾಣದ ಚಿಕ್ಕ ತಾವೊಂದಿತ್ತು. "ಇದು ದೋಷವೇ? ಚಿನ್ನದ ಕೆಳಗೆ ಮುಚ್ಚಿಬಿಡಲೇ?" ಎಂದು ಕೇಳಿದರು. ನೋಡಿದೆ. ಕೊರೆಯುವವನು ತೂಕ ಉಳಿಸಲು ಮುಟ್ಟದೆ ಬಿಟ್ಟ, ಕಲ್ಲಿನ ಮೂಲ ಚರ್ಮ ಅದು. ಅದರ ಮೇಲೆ, ಕಣ್ಣು ಕಿರಿದು ಮಾಡಿದರೆ, ಗೀಚಿದಷ್ಟು ಸಣ್ಣ ಒಂದು ತ್ರಿಕೋನ ಗುಳಿ. ಹುಡುಗಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ಆ ಅಂಚು ಮುಚ್ಚದ ಹಾಗೆ ಹರಳನ್ನು ತಿರುಗಿಸಿ ಕೂರಿಸಿಕೊಡಿ ಎಂದು ಪತ್ತಾರರಿಗೆ ಹೇಳಿದಳು.