ಲಕ್ಷ ಡಾಲರ್ ದುಡಿದರೂ ‘ಕಡಿಮೆ ಆದಾಯ’ ಏಕೆ? ಸಾಂತಾ ಕ್ಲಾರಾ ಕೌಂಟಿಯ ಲೆಕ್ಕ

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವರ್ಷಕ್ಕೆ ಒಂದು ಲಕ್ಷ ಡಾಲರ್ ಸಂಬಳ. ನಮ್ಮ ಹಣದಲ್ಲಿ ಎಂಬತ್ತು ಲಕ್ಷ ರೂಪಾಯಿಗೂ ಹೆಚ್ಚು. ಆದರೂ ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ತಾನು ‘ಕಡಿಮೆ ಆದಾಯದವನು’ ಎನ್ನುತ್ತಾನೆ. ಇದು ನಿಜವೇ? ಇವನೇ ಬಡವನಾದರೆ ಅಲ್ಲಿನ ನಿಜವಾದ ಬಡವರು ಹೇಗೆ ಬದುಕುತ್ತಾರೆ?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಆದರೆ ಅವರು ಬಡವರಲ್ಲ. ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು. ಅಮೆರಿಕದಲ್ಲಿ ಮಕ್ಕಳಿರುವ ಅನೇಕ ತಂದೆತಾಯಿಯರು ಮೊದಲನೆಯದನ್ನಷ್ಟೇ ಕೇಳಿ ಸುಮ್ಮನಾಗುತ್ತಾರೆ.

ಸನ್ನಿವೇಲ್ ಇರುವುದು ಸಾಂತಾ ಕ್ಲಾರಾ ಕೌಂಟಿಯಲ್ಲಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಸ್ಯಾನ್ ಹೋಸೆ ಅದರ ಕೇಂದ್ರ. ಕುಪರ್ಟಿನೊ, ಮೌಂಟನ್ ವ್ಯೂ, ಪಾಲೊ ಆಲ್ಟೊ ಎಲ್ಲವೂ ಅದರೊಳಗಿನ ಊರುಗಳು. 2020ರ ಜನಗಣತಿಯಂತೆ ಸುಮಾರು 19.36 ಲಕ್ಷ ಜನ. ಆ್ಯಪಲ್, ಗೂಗಲ್, ಎನ್‌ವಿಡಿಯಾ, ಇಂಟೆಲ್ ಕಂಪನಿಗಳ ಕೇಂದ್ರ ಕಚೇರಿಗಳೆಲ್ಲ ಈ ಒಂದೇ ಕೌಂಟಿಯಲ್ಲಿವೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಸದಸ್ಯರಲ್ಲಿ ಬಹಳ ಮಂದಿಯ ಅನ್ನದ ದಾರಿಯೂ ಇಲ್ಲೇ ಹಾದುಹೋಗುತ್ತದೆ.

ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಪ್ರತಿ ಪ್ರದೇಶಕ್ಕೂ ವರ್ಷಕ್ಕೊಮ್ಮೆ ಆದಾಯದ ಮಿತಿಗಳನ್ನು ಪ್ರಕಟಿಸುತ್ತದೆ. ಆ ಪ್ರದೇಶದ ನಡುಮಟ್ಟದ ಕುಟುಂಬದ ಆದಾಯವನ್ನು ಆಧಾರವಾಗಿಟ್ಟುಕೊಂಡು, ಅದರ ಸುಮಾರು ಶೇ 80ಕ್ಕಿಂತ ಕೆಳಗಿರುವವರನ್ನು ‘ಕಡಿಮೆ ಆದಾಯ’ದವರು, ಶೇ 50ಕ್ಕಿಂತ ಕೆಳಗಿರುವವರನ್ನು ‘ಅತಿ ಕಡಿಮೆ ಆದಾಯ’ದವರು, ಶೇ 30ರ ಸುತ್ತ ಇಲ್ಲವೇ ಅದಕ್ಕಿಂತ ಕೆಳಗಿರುವವರನ್ನು ‘ತೀರಾ ಕಡಿಮೆ ಆದಾಯ’ದವರು ಎಂದು ವಿಂಗಡಿಸುತ್ತದೆ. 2024ರಲ್ಲಿ ಸಾಂತಾ ಕ್ಲಾರಾದ ‘ಕಡಿಮೆ ಆದಾಯ’ದ ಮಿತಿ ಒಬ್ಬರೇ ಇರುವವರಿಗೆ 1,02,300 ಡಾಲರ್, ನಾಲ್ವರ ಕುಟುಂಬಕ್ಕೆ 1,46,100 ಡಾಲರ್ ಆಗಿತ್ತು. ಲಕ್ಷ ಡಾಲರ್ ದುಡಿಯುವ ಒಂಟಿ ಎಂಜಿನಿಯರ್ ಆ ಗೆರೆಯ ಕೆಳಗೆ ಬಂದದ್ದು ಹೀಗೆ. ಯಾರು ಹಸಿದಿದ್ದಾರೆ ಎಂದು ಹೇಳುವುದು ಈ ಮಿತಿಯ ಉದ್ದೇಶವಲ್ಲ. ರಿಯಾಯಿತಿ ಬಾಡಿಗೆಯ ಮನೆಗೆ ಯಾರು ಅರ್ಜಿ ಹಾಕಬಹುದು ಎಂಬುದನ್ನು ನಿರ್ಧರಿಸಲು ಅದನ್ನು ಮಾಡಿದ್ದು. ಅಂಥ ಸಂಬಳದಲ್ಲಿ ತೆರಿಗೆ ಕಳೆದು ಕೈಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಡಾಲರ್ ಬರುತ್ತದೆ. ಬಾಡಿಗೆ ಕೊಟ್ಟ ಮೇಲೂ ಊಟ, ಪ್ರಯಾಣ, ಊರಿಗೆ ಕಳಿಸುವ ಹಣ ಎಲ್ಲಕ್ಕೂ ಮಿಗುತ್ತದೆ. ಮನೆ ಕೊಳ್ಳುವುದು ಮಾತ್ರ ದೂರದ ಮಾತು.

ಈಗ ಎರಡನೆಯ ಗೆರೆ. ಅಮೆರಿಕದ ಅಧಿಕೃತ ಬಡತನ ರೇಖೆಯನ್ನು 1963–64ರಲ್ಲಿ ಸಾಮಾಜಿಕ ಭದ್ರತಾ ಆಡಳಿತದಲ್ಲಿದ್ದ ಮೋಲಿ ಓರ್ಶಾನ್‌ಸ್ಕಿ ಎಂಬ ಅರ್ಥಶಾಸ್ತ್ರಜ್ಞೆ ರೂಪಿಸಿದರು. 1955ರ ಸಮೀಕ್ಷೆಯೊಂದರ ಪ್ರಕಾರ ಆಗಿನ ಕುಟುಂಬಗಳು ಆದಾಯದ ಸುಮಾರು ಮೂರನೇ ಒಂದು ಪಾಲನ್ನು ಊಟಕ್ಕೆ ಖರ್ಚು ಮಾಡುತ್ತಿದ್ದವು. ಅಗ್ಗದ ಆಹಾರದ ವೆಚ್ಚವನ್ನು ಮೂರರಿಂದ ಗುಣಿಸಿದರೆ ಬದುಕಿನ ಕನಿಷ್ಠ ವೆಚ್ಚ ಸಿಗುತ್ತದೆ ಎಂಬುದು ಅವರ ಲೆಕ್ಕ. 1969ರಲ್ಲಿ ಸರ್ಕಾರ ಅದನ್ನು ಅಧಿಕೃತಗೊಳಿಸಿತು. ಅಂದಿನಿಂದ ಮೂಲತಃ ಬೆಲೆ ಏರಿಕೆಗೆ ತಕ್ಕಂತೆ ಮೊತ್ತವನ್ನು ಏರಿಸುತ್ತಾ ಬಂದಿದ್ದಾರೆ. ಸರ್ಕಾರಿ ನೆರವಿಗಾಗಿ ಬಳಸುವ 2024ರ ಮಿತಿ ನಾಲ್ವರ ಕುಟುಂಬಕ್ಕೆ 31,200 ಡಾಲರ್. ಮಿಸಿಸಿಪ್ಪಿಯ ಹಳ್ಳಿಗೂ ಅದೇ, ಸ್ಯಾನ್ ಹೋಸೆಗೂ ಅದೇ. ಅರವತ್ತು ವರ್ಷಗಳಲ್ಲಿ ಊಟ ಅಗ್ಗವಾಯಿತು, ಮನೆ ದುಬಾರಿಯಾಯಿತು. ಆ ಬದಲಾವಣೆ ಈ ಗೆರೆಗೆ ಕಾಣುವುದೇ ಇಲ್ಲ.

ಈ ಎರಡು ಗೆರೆಗಳ ನಡುವಿನ ಜಾಗವೇ ಸಾಂತಾ ಕ್ಲಾರಾದ ನಿಜವಾದ ಕಥೆ. ಒಂದು ಲೆಕ್ಕ ಮಾಡೋಣ.

2024ರಲ್ಲಿ ಸ್ಯಾನ್ ಹೋಸೆ ನಗರದ ಕನಿಷ್ಠ ವೇತನ ಗಂಟೆಗೆ 17.55 ಡಾಲರ್. ಅಮೆರಿಕದ ರಾಷ್ಟ್ರೀಯ ಕನಿಷ್ಠ ವೇತನ 2009ರಿಂದ 7.25 ಡಾಲರಿನಲ್ಲೇ ನಿಂತಿದೆ. ಅದಕ್ಕೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಮಿಗಿಲು. ರಾತ್ರಿ ಕಚೇರಿಗಳನ್ನು ಗುಡಿಸಿ ಒರೆಸುವ ಒಬ್ಬ ತಾಯಿ ಒಂದು ದಿನವೂ ತಪ್ಪದೆ ವಾರಕ್ಕೆ 40 ಗಂಟೆಯಂತೆ 52 ವಾರ ದುಡಿದರೆ 36,504 ಡಾಲರ್ ಬರುತ್ತದೆ. ಮನೆಯಲ್ಲಿ ಕೆಲಸವಿಲ್ಲದ ಗಂಡ, ಇಬ್ಬರು ಮಕ್ಕಳಿದ್ದರೂ ಕೇಂದ್ರ ಸರ್ಕಾರದ ಗೆರೆಯ ಪ್ರಕಾರ ಆ ಕುಟುಂಬ ಬಡ ಕುಟುಂಬವಲ್ಲ. ಆದರೆ ಎರಡು ಮಲಗುವ ಕೋಣೆಗಳ ಮನೆಯ ಬಾಡಿಗೆ ತಿಂಗಳಿಗೆ 3,000 ಡಾಲರ್ ಆಸುಪಾಸು, ಅಂದರೆ ವರ್ಷಕ್ಕೆ 36,000. ಉಳಿದದ್ದು ಸುಮಾರು ಐನೂರು ಡಾಲರ್. ತೆರಿಗೆ, ಊಟ, ಬಸ್ಸು, ಔಷಧ ಯಾವುದನ್ನೂ ಇನ್ನೂ ಕಳೆದಿಲ್ಲ. ವಸತಿ ಇಲಾಖೆಯ ಪಟ್ಟಿಯಲ್ಲಿ ಈ ಕುಟುಂಬ ‘ತೀರಾ ಕಡಿಮೆ ಆದಾಯ’ದ ಮಿತಿಯಾದ 55,300 ಡಾಲರಿಗಿಂತಲೂ ಬಹಳ ಕೆಳಗಿದೆ. ಒಂದು ಇಲಾಖೆಗೆ ಬಡವರಲ್ಲದವರು ಇನ್ನೊಂದು ಇಲಾಖೆಗೆ ಕಡುಬಡವರು.

ಹಾಗಾದರೆ ಅವರು ಬದುಕುವುದು ಹೇಗೆ? ಒಂದು ಮನೆಯಲ್ಲಿ ಎರಡು ಮೂರು ಕುಟುಂಬ ಸೇರುತ್ತವೆ. ಗ್ಯಾರೇಜು ವಾಸದ ಕೋಣೆಯಾಗುತ್ತದೆ. ಹಗಲು ಒಂದು, ರಾತ್ರಿ ಇನ್ನೊಂದು ಎಂದು ಎರಡು ಕೆಲಸ ಹಿಡಿಯುತ್ತಾರೆ. ಇಲ್ಲವಾದರೆ ಬೆಟ್ಟ ದಾಟಿ ಟ್ರೇಸಿ, ಸ್ಟಾಕ್‌ಟನ್, ಲಾಸ್ ಬಾನೋಸ್ ಕಡೆ ಮನೆ ಮಾಡಿ ದಿನಕ್ಕೆ ಮೂರು ನಾಲ್ಕು ಗಂಟೆ ರಸ್ತೆಯಲ್ಲಿ ಕಳೆಯುತ್ತಾರೆ. ಸ್ಟಾಕ್‌ಟನ್‌ನಿಂದ ಸ್ಯಾನ್ ಹೋಸೆಗೆ ಬರುವವರಿಗಾಗಿಯೇ 1998ರಿಂದ ಒಂದು ರೈಲು ಓಡುತ್ತಿದೆ. ಇದು ಯಾವುದೂ ಸಾಧ್ಯವಾಗದವರು ಕಾರಿನಲ್ಲಿ, ರಸ್ತೆಬದಿಯಲ್ಲಿ ನಿಲ್ಲಿಸಿದ ಹಳೆಯ ವಾಸದ ವ್ಯಾನಿನಲ್ಲಿ ಮಲಗುತ್ತಾರೆ. ಪಾಲೊ ಆಲ್ಟೊ ಮತ್ತು ಸ್ಯಾನ್ ಹೋಸೆ ನಡುವೆ ರಾತ್ರಿಯಿಡೀ ಓಡುತ್ತಿದ್ದ 22ನೇ ನಂಬರಿನ ಬಸ್ಸಿಗೆ ‘ಹೋಟೆಲ್ 22’ ಎಂಬ ಹೆಸರೇ ಬಿದ್ದಿತ್ತು. ಮನೆಯಿಲ್ಲದವರು ಟಿಕೆಟ್ ಕೊಂಡು, ಕೊನೆಯ ನಿಲ್ದಾಣದಲ್ಲಿ ಇಳಿದು, ಮತ್ತೆ ಹತ್ತಿ, ಬೆಳಗಿನವರೆಗೆ ಅದರಲ್ಲೇ ನಿದ್ದೆ ತೆಗೆಯುತ್ತಿದ್ದರು. 2023ರ ಜನವರಿಯ ಎಣಿಕೆಯಲ್ಲಿ ಈ ಕೌಂಟಿಯಲ್ಲಿ ಮನೆಯಿಲ್ಲದವರು 9,903 ಮಂದಿ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರಿಗೆ ತಾತ್ಕಾಲಿಕ ಆಸರೆಯೂ ಇರಲಿಲ್ಲ. ಸಾಂತಾ ಕ್ಲಾರಾ ಮತ್ತು ಪಕ್ಕದ ಸ್ಯಾನ್ ಮಟೇಯೊ ಕೌಂಟಿಗಳಿಗೆ ಆಹಾರ ಹಂಚುವ ‘ಸೆಕೆಂಡ್ ಹಾರ್ವೆಸ್ಟ್’ ಸಂಸ್ಥೆಯ ನೆರವು ಪಡೆಯುವವರು ತಿಂಗಳಿಗೆ ಸುಮಾರು ಐದು ಲಕ್ಷ. ಈ ಸಾಲಿನಲ್ಲಿ ನಿಂತವರಲ್ಲಿ ಅನೇಕರಿಗೆ ಕೆಲಸ ಇದೆ. ನನ್ನನ್ನು ಬಹಳ ಕಾಡುವ ಸಂಗತಿ ಇದು.

ನೆರವಿನ ಬಾಗಿಲು ಕೂಡ ಆ ಹಳೆಯ ಗೆರೆಗೇ ಕಟ್ಟುಬಿದ್ದಿದೆ. ಕ್ಯಾಲಿಫೋರ್ನಿಯಾದ ಆಹಾರ ನೆರವು ಯೋಜನೆಗೆ ಆದಾಯದ ಸಾಮಾನ್ಯ ಮಿತಿ ಬಡತನ ರೇಖೆಯ ಎರಡರಷ್ಟು. ನಾಲ್ವರ ಕುಟುಂಬ ವರ್ಷಕ್ಕೆ 70,000 ಡಾಲರ್ ದುಡಿದರೆ ಆ ಬಾಗಿಲು ಮುಚ್ಚಿದಂತೆ. ಅದೇ ಕುಟುಂಬ ವಸತಿ ಇಲಾಖೆಯ ಪಟ್ಟಿಯಲ್ಲಿ ‘ಅತಿ ಕಡಿಮೆ ಆದಾಯ’ದ ವರ್ಗದಲ್ಲೇ ಇದೆ. 2022–23ರ ಶಾಲಾ ವರ್ಷದಿಂದ ರಾಜ್ಯದ ಸರ್ಕಾರಿ ಶಾಲೆಗಳ ಎಲ್ಲ ಮಕ್ಕಳಿಗೂ ಆದಾಯ ಕೇಳದೆ ಉಚಿತ ಊಟ ಕೊಡುತ್ತಿರುವುದು ಈ ಕಾರಣಕ್ಕೇ ದೊಡ್ಡ ಹೆಜ್ಜೆ.

ಇನ್ನು ಉದ್ಯೋಗ. ಈ ಕೌಂಟಿ ಏರುವುದೂ ಬೀಳುವುದೂ ಬಹಳ ರಭಸದಲ್ಲಿ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇದು ಏಪ್ರಿಕಾಟ್, ಪ್ಲಮ್, ಚೆರ್ರಿ ತೋಟಗಳ ನಾಡು; ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಸಾವಿರಾರು ಹೆಂಗಸರಿಗೆ ಕೆಲಸ ಕೊಟ್ಟಿದ್ದವು. ಆಮೇಲೆ ಸಿಲಿಕಾನ್ ಚಿಪ್, ಆಮೇಲೆ ಇಂಟರ್‌ನೆಟ್. 2000ದ ಕೊನೆಗೆ ಕೆಲಸ ಕೇಳುವವರೇ ಇಲ್ಲವೆಂಬ ಸ್ಥಿತಿ ಇತ್ತು. ಇಂಟರ್‌ನೆಟ್ ಕಂಪನಿಗಳ ಷೇರು ಬೆಲೆಯ ಗುಳ್ಳೆ ಒಡೆದ ಮೇಲಿನ ಕೆಲವೇ ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಉದ್ಯೋಗಗಳು ಹೋದವು. 2009–10ರ ಆರ್ಥಿಕ ಹಿಂಜರಿತದಲ್ಲಿ ನಿರುದ್ಯೋಗ ಶೇ 11 ದಾಟಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಬೀಗದ ದಿನಗಳಲ್ಲಿ, ಮತ್ತೆ ಅದೇ ಎತ್ತರ ಮುಟ್ಟಿತು. 2022ರ ಕೊನೆಯಿಂದ ದೊಡ್ಡ ಕಂಪನಿಗಳು ಸಾವಿರಗಳ ಲೆಕ್ಕದಲ್ಲಿ ಕೆಲಸಗಾರರನ್ನು ತೆಗೆದರೂ ನಿರುದ್ಯೋಗ ಶೇ 4ರ ಸುತ್ತಲೇ ನಿಂತಿತು.

ಆ ಶೇ 4ನ್ನು ಎಚ್ಚರದಿಂದ ಓದಬೇಕು. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆ ಸಂಬಳಕ್ಕೆ ದುಡಿದವರೂ ಉದ್ಯೋಗಸ್ಥರೇ. ಕೆಲಸ ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗಿಗಳ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮವರಿಗೆ ನೇರವಾಗಿ ತಟ್ಟುವ ಮಾತು ಇನ್ನೊಂದಿದೆ: ಎಚ್-1ಬಿ ವೀಸಾದಲ್ಲಿ ಇರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಕೆಲಸ ಹಿಡಿಯಬೇಕು, ಬೇರೆ ವೀಸಾಕ್ಕೆ ಬದಲಾಗಬೇಕು ಅಥವಾ ದೇಶ ಬಿಡಬೇಕು. ವಿಮಾನ ಹತ್ತಿದ ಮೇಲೆ ಅವರು ಸಾಂತಾ ಕ್ಲಾರಾದ ನಿರುದ್ಯೋಗಿಯೂ ಅಲ್ಲ, ನಿವಾಸಿಯೂ ಅಲ್ಲ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಒಂದು ಮನೆ ತಲ್ಲಣಿಸುತ್ತದೆ. ಅಲ್ಲಿನ ಅಂಕಿ ಕದಲುವುದಿಲ್ಲ.

ಬಡತನದ ಅಂಕಿಯೂ ಹೀಗೆಯೇ ಮರುಳು ಮಾಡುತ್ತದೆ. ಕೌಂಟಿಯ ಕುಟುಂಬಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿಟ್ಟರೆ ನಟ್ಟನಡುವಿನ ಕುಟುಂಬದ ಆದಾಯ, ಅಂದರೆ ಮಧ್ಯಾಂಕ, ಈಗ ಒಂದೂವರೆ ಲಕ್ಷ ಡಾಲರಿಗೂ ಮೇಲಿದೆ. ಅಧಿಕೃತ ಬಡತನ ಶೇ 7ರ ಸುತ್ತ. ಇಡೀ ದೇಶದ ಪ್ರಮಾಣಕ್ಕಿಂತ ಬಹಳ ಕಡಿಮೆ. ಇದನ್ನು ನೋಡಿ ಬಡವರ ಸ್ಥಿತಿ ಸುಧಾರಿಸಿದೆ ಎಂದುಕೊಳ್ಳುವುದು ಸುಲಭ. ಆದರೆ ಬಾಡಿಗೆ ತಾಳಲಾರದ ಕುಟುಂಬವೊಂದು ಕೌಂಟಿ ಬಿಟ್ಟು ಹೋಗಿ, ಆ ಮನೆಗೆ ಎರಡು ಲಕ್ಷ ಡಾಲರ್ ದುಡಿಯುವ ದಂಪತಿ ಬಂದರೆ, ಯಾರ ಸಂಬಳವೂ ಒಂದು ಡಾಲರ್ ಏರದೆಯೇ ಮಧ್ಯಾಂಕ ಮೇಲೇರುವ, ಬಡತನ ಕೆಳಗಿಳಿಯುವ ದಿಕ್ಕು ಹಿಡಿಯುತ್ತವೆ. 2020ರ ನಂತರದ ಎರಡು ವರ್ಷ ಕೌಂಟಿಯ ಜನಸಂಖ್ಯೆಯೇ ಇಳಿದಿತ್ತು. ಇಲ್ಲಿ ದುಡಿದು ಬೇರೆ ಕೌಂಟಿಯಲ್ಲಿ ಮಲಗುವವರ ಉದ್ಯೋಗ ಸಾಂತಾ ಕ್ಲಾರಾದ ಖಾತೆಗೆ ಸೇರುತ್ತದೆ, ಬಡತನ ಮಾತ್ರ ಅವರು ಮಲಗುವ ಊರಿನ ಖಾತೆಗೆ. ಹಾಗಾಗಿ ಒಂದು ಜಾಗದ ಬಡತನ ಇಳಿದಿದೆ ಎಂದು ಯಾರಾದರೂ ಹೇಳಿದಾಗ, ಬಡವರು ಮೇಲೆದ್ದರೋ ಎದ್ದುಹೋದರೋ ಎಂದು ಕೇಳಲೇಬೇಕು.

ಇದನ್ನು ಸರಿಪಡಿಸಲು ಅಮೆರಿಕದ ಜನಗಣತಿ ಇಲಾಖೆ 2011ರಿಂದ ಪೂರಕ ಬಡತನ ಮಾಪನವನ್ನು ಪ್ರಕಟಿಸುತ್ತಿದೆ. ಸ್ಥಳೀಯ ಬಾಡಿಗೆ, ತೆರಿಗೆ, ವೈದ್ಯಕೀಯ ಖರ್ಚು, ಸರ್ಕಾರದಿಂದ ಬಂದ ನೆರವು ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಅದರಲ್ಲಿ ಕ್ಯಾಲಿಫೋರ್ನಿಯಾ ದೇಶದ ಅತಿ ಹೆಚ್ಚು ಬಡತನದ ರಾಜ್ಯಗಳಲ್ಲಿ ಒಂದು. ಇದೇ ಬಗೆಯ ರಾಜ್ಯಮಟ್ಟದ ಮಾಪನದಲ್ಲಿ ಸಾಂತಾ ಕ್ಲಾರಾದ ಬಡತನವೂ ಅಧಿಕೃತ ಪ್ರಮಾಣಕ್ಕಿಂತ ಸಾಕಷ್ಟು ಹೆಚ್ಚಿಗೆ ಕಾಣುತ್ತದೆ.

ಬಾಡಿಗೆ ಇಷ್ಟು ಏರಿದ್ದು ಏಕೆ? ಕಂಪನಿಗಳ ಸಂಬಳವನ್ನಷ್ಟೇ ದೂರುವುದು ಅರ್ಧ ಸತ್ಯ. ಕಚೇರಿ ಕಟ್ಟಡಗಳಿಗೆ ಈ ಊರುಗಳು ಧಾರಾಳವಾಗಿ ಅನುಮತಿ ಕೊಟ್ಟವು, ಅಲ್ಲಿ ದುಡಿಯುವವರಿಗೆ ಬೇಕಾದಷ್ಟು ಮನೆಗಳಿಗೆ ಕೊಡಲಿಲ್ಲ. 2019ರ ಒಂದು ಲೆಕ್ಕದಂತೆ ಸ್ಯಾನ್ ಹೋಸೆಯ ವಸತಿ ಭೂಮಿಯಲ್ಲಿ ಶೇ 94 ಭಾಗ ಒಂಟಿ ಮನೆಗಳಿಗೆ ಮೀಸಲಾಗಿತ್ತು. ಅಲ್ಲಿ ನಾಲ್ಕು ಮಹಡಿಯ ಸಾಧಾರಣ ವಠಾರವನ್ನೂ ಕಟ್ಟುವಂತಿರಲಿಲ್ಲ. ಜೊತೆಗೆ 1978ರಲ್ಲಿ ಮತದಾರರು ಒಪ್ಪಿದ ‘ಪ್ರೊಪೊಸಿಷನ್ 13’ ಎಂಬ ರಾಜ್ಯದ ಕಾನೂನು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿ, ಮನೆ ಮಾರಾಟವಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರದಂತೆ ಮಾಡಿತು. ಹಳೆಯ ಮಾಲೀಕರು ಮನೆ ಮಾರುವ ಯೋಚನೆ ಮಾಡುವುದಿಲ್ಲ; ಹೊಸ ಮನೆಗಳಿಂದ ಬರುವ ತೆರಿಗೆ ಸಾಲದೆಂದು ನಗರಸಭೆಗಳು ಅಂಗಡಿ, ಕಚೇರಿಗಳತ್ತಲೇ ವಾಲುತ್ತವೆ. ಆಸ್ತಿ ಇದ್ದವರು ಕುಳಿತಲ್ಲೇ ಸಿರಿವಂತರಾದರು, ಬಾಡಿಗೆಯವರು ಅದರ ಬೆಲೆ ತೆತ್ತರು. ಹಳೆಯ ಮಾಲೀಕರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಇಲ್ಲಿ ಮುಚ್ಚಿಡಬಾರದು.

ಬದಲಾಯಿಸುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿ ಶುರು ಮಾಡಿದ ಅಭಿಯಾನ 2012ರ ನವೆಂಬರ್‌ನಲ್ಲಿ ಮತದಾರರ ಒಪ್ಪಿಗೆ ಪಡೆಯಿತು. 2013ರ ಮಾರ್ಚ್‌ನಲ್ಲಿ ನಗರದ ಕನಿಷ್ಠ ವೇತನ 8 ಡಾಲರಿನಿಂದ 10 ಡಾಲರಿಗೆ ಏರಿತು. ಈಗಿನ ವೇತನದ ಬೇರು ಅಲ್ಲಿದೆ. 2016ರಲ್ಲಿ ಕೌಂಟಿಯ ಮತದಾರರು ಕೈಗೆಟಕುವ ಮನೆಗಳಿಗಾಗಿ 95 ಕೋಟಿ ಡಾಲರ್ ಬಾಂಡ್‌ಗೆ, ಅಂದರೆ ಸರ್ಕಾರ ಎತ್ತುವ ಸಾಲಕ್ಕೆ, ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನ ಮತದಿಂದ ಒಪ್ಪಿಗೆ ಕೊಟ್ಟರು. 2022ರ ಜನವರಿಯಿಂದ ಜಾರಿಯಾದ ರಾಜ್ಯದ ಕಾನೂನು ಒಂಟಿ ಮನೆಯ ನಿವೇಶನಗಳನ್ನು ವಿಭಜಿಸಲು, ಎರಡು ಮನೆ ಕಟ್ಟಲು ಅವಕಾಶ ಕೊಟ್ಟಿದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಒಂಬತ್ತು ಕೌಂಟಿಗಳು ಸೇರಿ ವಸತಿಗಾಗಿ 2,000 ಕೋಟಿ ಡಾಲರ್ ಎತ್ತುವ ಪ್ರಸ್ತಾವವನ್ನು 2024ರ ಆಗಸ್ಟ್‌ನಲ್ಲಿ, ಮತಪತ್ರಕ್ಕೆ ಏರುವ ಮೊದಲೇ ಹಿಂತೆಗೆದುಕೊಳ್ಳಲಾಯಿತು. ವೇತನ ಏರಿಸುವುದಕ್ಕೆ ಒಪ್ಪುವ ಜನ ತಮ್ಮ ಬೀದಿಯಲ್ಲಿ ವಠಾರ ಏಳುವುದಕ್ಕೆ ಅಷ್ಟು ಸುಲಭವಾಗಿ ಒಪ್ಪುತ್ತಿಲ್ಲ. ಅಲ್ಲಿ ಮತದ ಹಕ್ಕು ಪಡೆದಿರುವ ಕನ್ನಡಿಗರೂ ಈ ಎರಡನೆಯ ಪ್ರಶ್ನೆಗೆ ಪ್ರತಿ ಚುನಾವಣೆಯಲ್ಲಿ ಉತ್ತರ ಕೊಡುತ್ತಲೇ ಇದ್ದಾರೆ.